ಕೀಲಿಕೈ ಸಿಕ್ಕಿದ ಮೇಲೂ ನಾಲ್ಕು ತಿಂಗಳು

2021ರ ಮೇ 14ರ ನಸುಕಿನಲ್ಲಿ ಐರ್ಲೆಂಡಿನ ಸರ್ಕಾರಿ ಆರೋಗ್ಯ ಸೇವೆಯಾದ ಎಚ್‌ಎಸ್‌ಇಯ ಸರ್ವರ್‌ಗಳಲ್ಲಿ ‘ಕಾಂಟಿ’ ಎಂಬ ರಾನ್ಸಮ್‌ವೇರ್ (ಫೈಲುಗಳಿಗೆ ಬೀಗ ಹಾಕಿ, ತೆಗೆಯಲು ಹಣ ಕೇಳುವ ತಂತ್ರಾಂಶ) ಕೆಲಸ ಶುರು ಮಾಡಿತು. ಹರಡುವುದನ್ನು ತಡೆಯಲು ಇಡೀ ದೇಶದ ಆರೋಗ್ಯ ಜಾಲವನ್ನು ಅಧಿಕಾರಿಗಳೇ ಆರಿಸಬೇಕಾಯಿತು. ವೈದ್ಯರು, ದಾದಿಯರು ಪೆನ್ನು ಕಾಗದ ಹಿಡಿದರು. ಹಣ ಕೊಡುವುದಿಲ್ಲ ಎಂದು ಸರ್ಕಾರ ಖಡಾಖಂಡಿತವಾಗಿ ಹೇಳಿತು. ಮೇ 20ರಂದು ದಾಳಿಕೋರರು ಬೀಗ ತೆಗೆಯುವ ಕೀಲಿಕೈಯನ್ನು ಪುಕ್ಕಟೆ ಕೊಟ್ಟುಬಿಟ್ಟರು! ಅಲ್ಲಿಗೆ ಎಲ್ಲ ಮುಗಿಯಬೇಕಿತ್ತು. ಆದರೆ ಎಲ್ಲ ಸರ್ವರ್‌ಗಳ ಬೀಗ ತೆಗೆದಾಗಿದೆ ಎಂದು ಎಚ್‌ಎಸ್‌ಇ ಹೇಳಿಕೊಳ್ಳುವ ಹೊತ್ತಿಗೆ ಸೆಪ್ಟೆಂಬರ್ 21 ಆಗಿತ್ತು.

ನಮ್ಮ ಕಚೇರಿಗಳಲ್ಲಿ ರಾನ್ಸಮ್‌ವೇರ್ ಬಗ್ಗೆ ಎರಡು ನಂಬಿಕೆಗಳು ಗಟ್ಟಿಯಾಗಿ ಬೇರೂರಿವೆ. ಯಾರೋ ತಪ್ಪು ಮೇಲ್ ತೆರೆದ ಕ್ಷಣದಲ್ಲೇ ಎರಗುವ ವೈರಸ್ ಅದು ಎನ್ನುವುದು ಒಂದು. ‘ಬ್ಯಾಕಪ್ ಇದೆಯಲ್ಲ, ಬಿಡಿ’ ಎನ್ನುವುದು ಇನ್ನೊಂದು. ಸರ್ವರ್ ಕೋಣೆಗೆ ವಾಸ್ತು ನೋಡಿಸುವುದರಿಂದ ಹೆಚ್ಚೇನೂ ನಷ್ಟವಿಲ್ಲ. ಈ ಎರಡು ಮೂಢನಂಬಿಕೆಗಳು ಮಾತ್ರ ಸಂಸ್ಥೆಗಳನ್ನೇ ಮುಳುಗಿಸುತ್ತವೆ. ಇವನ್ನು ನಂಬುವವರು ಐಟಿ ವಿಭಾಗದಲ್ಲೇ ಕೂತಿರುತ್ತಾರೆ ಎನ್ನುವುದು ಬೇಸರದ ಸಂಗತಿ.

ಮೊದಲನೆಯದಕ್ಕೆ ಉತ್ತರ ಐರ್ಲೆಂಡಿನ ತನಿಖಾ ವರದಿಯಲ್ಲೇ ಇದೆ. ಸೋಂಕು ತಗುಲಿದ್ದು ಮಾರ್ಚ್ 18ರಂದು, ಮೇಲ್‌ನಲ್ಲಿ ಬಂದ ಒಂದು ಎಕ್ಸೆಲ್ ಫೈಲಿನಿಂದ. ಮಾರ್ಚ್ 31ರಂದು ಅದೇ ಕಂಪ್ಯೂಟರಿನ ಆ್ಯಂಟಿವೈರಸ್ ‘ಕೋಬಾಲ್ಟ್ ಸ್ಟ್ರೈಕ್’ ಮತ್ತು ‘ಮಿಮಿಕ್ಯಾಟ್ಜ್’ ಎಂಬ ಎರಡು ಹತಾರಗಳನ್ನು ಗುರುತಿಸಿತು. ಮೊದಲನೆಯದು ದೂರದಿಂದ ಕಂಪ್ಯೂಟರನ್ನು ಆಡಿಸಲು, ಎರಡನೆಯದು ವಿಂಡೋಸಿನ ಮೆಮೊರಿಯಿಂದ ಪಾಸ್‌ವರ್ಡುಗಳನ್ನು ಹೆಕ್ಕಲು. ಗುರುತಿಸಿತೇ ಹೊರತು ತಡೆಯಲಿಲ್ಲ, ಏಕೆಂದರೆ ಅದನ್ನು ಬರೀ ಗಮನಿಸುವ ಸ್ಥಿತಿಯಲ್ಲಿ ಇಡಲಾಗಿತ್ತು. ಮೇ 7ರಂದು ದಾಳಿಕೋರರು ಸರ್ವರ್‌ಗಳಿಗೆ ದಾಟಿದರು. ಮೇ 13ರಂದು ಆ್ಯಂಟಿವೈರಸ್ ಕಂಪನಿಯೇ ಮೇಲ್ ಕಳಿಸಿ, ಕನಿಷ್ಠ 16 ಯಂತ್ರಗಳಲ್ಲಿ ಬಗೆಹರಿಯದ ಎಚ್ಚರಿಕೆಗಳಿವೆ ಎಂದಿತು. ಆಗ ಹೋದ ಸೂಚನೆ: ಸರ್ವರ್‌ಗಳನ್ನು ರೀಸ್ಟಾರ್ಟ್ ಮಾಡಿ. ಒಟ್ಟು 57 ದಿನ ಅವರು ಮನೆಯೊಳಗೇ ಇದ್ದರು. ಫೈಲುಗಳಿಗೆ ಬೀಗ ಬಿದ್ದದ್ದು ಕಟ್ಟಕಡೆಯ ರಾತ್ರಿ. ಅದೇ ವಾರ ಅಲ್ಲಿನ ಆರೋಗ್ಯ ಇಲಾಖೆಯ ಮೇಲೂ ದಾಳಿ ನಡೆದಿತ್ತು. ಅವರು ಎಚ್ಚರಿಕೆಯನ್ನು ನೋಡಿ ತಡೆದರು, ಉಳಿದುಕೊಂಡರು.

ಆದ್ದರಿಂದ ತಯಾರಿಯ ಮೊದಲ ಕೆಲಸಕ್ಕೆ ಒಂದು ರೂಪಾಯಿಯೂ ಬೇಡ. ಆ್ಯಂಟಿವೈರಸ್ ತಡೆಯುವ ಸ್ಥಿತಿಯಲ್ಲಿದೆಯೇ ಎಂದು ಪ್ರತಿ ಸರ್ವರ್‌ನಲ್ಲೂ ನೋಡಿ. ಮೇಲಿನ ಎರಡು ಹೆಸರುಗಳಲ್ಲಿ ಒಂದು ಕಂಡರೂ ನಡುರಾತ್ರಿಯಲ್ಲಾದರೂ ಫೋನ್ ಎತ್ತುವ ಒಬ್ಬ ಮನುಷ್ಯನ ಹೆಸರು ಬರೆದಿಡಿ. ‘ಫೈಲನ್ನು ಅಳಿಸಲಾಗಿದೆ’ ಎಂಬ ಸಂದೇಶ ಬಂದರೂ ಸಮಾಧಾನಪಡಬೇಡಿ. ಆ ಹತಾರವನ್ನು ಅಲ್ಲಿ ತಂದಿಟ್ಟವನು ಇನ್ನೂ ಒಳಗಿದ್ದಾನೆ.

ಇನ್ನು ಆ ಕೀಲಿಕೈಯ ವಿಷಯ. ಅದಿಲ್ಲದೆ ಫೈಲು ಬಿಡಿಸಲು ಏಕೆ ಆಗುವುದಿಲ್ಲ ಎಂಬುದರ ಹಿಂದೆ ಒಳ್ಳೆಯ ಇತಿಹಾಸವಿದೆ. 1989ರಲ್ಲಿ ಜೋಸೆಫ್ ಪಾಪ್ ಎಂಬ ಅಮೆರಿಕದ ಜೀವವಿಜ್ಞಾನಿ ಏಡ್ಸ್ ಕುರಿತ ಮಾಹಿತಿ ಎಂದು ಹೇಳಿ ಸುಮಾರು 20,000 ಫ್ಲಾಪಿಗಳನ್ನು ಅಂಚೆಯಲ್ಲಿ ಕಳಿಸಿದ. ಅದನ್ನು ಹಾಕಿಕೊಂಡ ಕಂಪ್ಯೂಟರ್ 90 ಬಾರಿ ಆನ್ ಆಗುವವರೆಗೆ ಸುಮ್ಮನಿದ್ದು, ಆಮೇಲೆ ಫೈಲುಗಳ ಹೆಸರುಗಳನ್ನೆಲ್ಲ ಕಲಸಿಹಾಕುತ್ತಿತ್ತು. 189 ಡಾಲರನ್ನು ಪನಾಮಾದ ಅಂಚೆಪೆಟ್ಟಿಗೆಗೆ ಕಳಿಸಬೇಕಿತ್ತು. ಆದರೆ ಕಲಸಿದ ಗುಟ್ಟು ಅದೇ ಪ್ರೋಗ್ರಾಮಿನೊಳಗೇ ಇತ್ತು. ಬಿಚ್ಚಿ ನೋಡಿದವರು ಬಿಡಿಸುವ ತಂತ್ರಾಂಶವನ್ನು ಬರೆದು ಹಂಚಿಬಿಟ್ಟರು. ಈ ದೌರ್ಬಲ್ಯಕ್ಕೆ ಮದ್ದು ಸೂಚಿಸಿದವರು ಕಳ್ಳರಲ್ಲ, ಪಂಡಿತರು. 1996ರಲ್ಲಿ ಆ್ಯಡಂ ಯಂಗ್ ಮತ್ತು ಮೋಟಿ ಯುಂಗ್ ತಮ್ಮ ಪ್ರಬಂಧದಲ್ಲಿ, ಸುಲಿಗೆಕೋರ ಸಾರ್ವಜನಿಕ ಕೀಲಿ ವಿಧಾನವನ್ನು ಬಳಸಿದರೆ ಏನಾಗುತ್ತದೆ ಎಂದು ಮುಂಚೆಯೇ ಎಚ್ಚರಿಸಿದ್ದರು.

ದೇವಸ್ಥಾನದ ಹುಂಡಿಯನ್ನು ನೆನೆಸಿಕೊಳ್ಳಿ. ಕಿಂಡಿಯಲ್ಲಿ ಹಾಕಲು ಯಾರ ಅಪ್ಪಣೆಯೂ ಬೇಡ. ತೆಗೆಯಲು ಮಾತ್ರ ಕೀಲಿಕೈ ಇಟ್ಟುಕೊಂಡವರೇ ಬರಬೇಕು. ಹಾಕಿದವನೇ ಬಂದು ಗೋಗರೆದರೂ ನೋಟು ವಾಪಸ್ಸಿಲ್ಲ. ರಾನ್ಸಮ್‌ವೇರ್ ತನ್ನ ಜೊತೆ ಇಂಥ ಹುಂಡಿಯನ್ನು ತರುತ್ತದೆ, ಅದರ ಕೀಲಿಕೈಯನ್ನು ತರುವುದಿಲ್ಲ. ಪ್ರತಿ ಫೈಲಿಗೂ ಹೊಸದೊಂದು ಪುಟ್ಟ ಕೀಲಿಕೈ ಹುಟ್ಟಿಸಿ, ಎಇಎಸ್‌ನಂಥ ವೇಗದ ವಿಧಾನದಿಂದ ಫೈಲನ್ನು ಕಲಸಿ, ಆ ಪುಟ್ಟ ಕೀಲಿಕೈಯನ್ನು ಹುಂಡಿಗೆ ಹಾಕಿ, ಮೂಲವನ್ನು ಮೆಮೊರಿಯಿಂದ ಒರೆಸಿಬಿಡುತ್ತದೆ. ಹುಂಡಿಗೆ ಬಿದ್ದದ್ದು ಹೆಚ್ಚಾಗಿ ಅದೇ ಫೈಲಿನ ಬಾಲಕ್ಕೆ ಅಂಟಿಕೊಂಡಿರುತ್ತದೆ. ಬೇಕಾದದ್ದು ನಿಮ್ಮ ಡಿಸ್ಕಿನಲ್ಲೇ ಇದೆ, ಕಣ್ಣೆದುರೇ ಇದೆ, ಕೈಗೆಟುಕುವುದಿಲ್ಲ. ಹುಂಡಿಯ ಬೀಗ ಸಾಮಾನ್ಯವಾಗಿ 2048 ಬಿಟ್‌ನ ಆರ್‌ಎಸ್‌ಎ, ಅಂದರೆ 617 ಅಂಕೆಗಳ ಒಂದು ಸಂಖ್ಯೆ. ಒಡೆಯಬೇಕಾದರೆ ಅದರ ಎರಡು ಅವಿಭಾಜ್ಯ ಅಪವರ್ತನಗಳನ್ನು ಹುಡುಕಬೇಕು. 2020ರಲ್ಲಿ 250 ಅಂಕೆಗಳ ಸಂಖ್ಯೆಯೊಂದನ್ನು ಒಡೆಯಲು ಹಿಡಿದ ಶ್ರಮ ಒಂದು ಪ್ರೊಸೆಸರ್ ಕೋರ್ ಸುಮಾರು 2,700 ವರ್ಷ ದುಡಿಯುವಷ್ಟು. ಅಂಕೆಗಳು ಹೆಚ್ಚಿದಂತೆ ಶ್ರಮ ಯದ್ವಾತದ್ವಾ ಏರುತ್ತದೆ. ‘ನಾವು ಡೀಕ್ರಿಪ್ಟ್ ಮಾಡಿಕೊಡುತ್ತೇವೆ’ ಎಂದು ಬರುವ ಏಜೆನ್ಸಿಗಳು ಈ ಗಣಿತವನ್ನು ಗೆದ್ದವರಲ್ಲ. ಹಲವರು ನಿಮ್ಮ ದುಡ್ಡಿನಲ್ಲೇ ಸುಲಿಗೆಕೋರರ ಜೊತೆ ಚೌಕಾಸಿ ಮಾಡಿಬರುತ್ತಾರೆ, ಅಷ್ಟೆ.

ಸಣ್ಣದೊಂದು ಬಿರುಕು ಇದೆ: ಒರೆಸುವ ಮುನ್ನ ಆ ರಹಸ್ಯ ಮೆಮೊರಿಯಲ್ಲಿ ಇದ್ದೇ ಇರುತ್ತದೆ. 2017ರ ವನ್ನಾಕ್ರೈ ದಾಳಿಯಲ್ಲಿ ವಿಂಡೋಸ್ ಎಕ್ಸ್‌ಪಿ ಯಂತ್ರಗಳ ಮೆಮೊರಿಯಲ್ಲಿ ಅಲ್ಲೇ ಹುಟ್ಟಿಸಿದ ಬೀಗದ ಅವಿಭಾಜ್ಯ ಸಂಖ್ಯೆಗಳು ಹಾಗೇ ಉಳಿದಿದ್ದವು; ರೀಸ್ಟಾರ್ಟ್ ಮಾಡದವರಿಗೆ ಫೈಲು ಮರಳಿ ಸಿಗುವ ಸಾಧ್ಯತೆ ಇತ್ತು. ಹಾಗಾಗಿ ಸೋಂಕು ಕಂಡೊಡನೆ ನೆಟ್‌ವರ್ಕ್ ಕೇಬಲ್ ಕೀಳಿ, ವೈಫೈ ಆರಿಸಿ, ಯಂತ್ರದ ಪವರ್ ತೆಗೆಯಬೇಡಿ. ವರ್ಚುವಲ್ ಯಂತ್ರವಾದರೆ ಸಸ್ಪೆಂಡ್ ಮಾಡಿ. ಜಾಲದಿಂದ ಬೇರ್ಪಡಿಸಲು ಆಗುತ್ತಲೇ ಇಲ್ಲ, ಕಣ್ಣೆದುರೇ ಫೈಲುಗಳು ಹೋಗುತ್ತಿವೆ ಎಂದಾಗ ಮಾತ್ರ ಪವರ್ ಕಿತ್ತುಬಿಡಿ.

ಹಾಗಾದರೆ ಕೀಲಿಕೈ ಸಿಕ್ಕ ಮೇಲೂ ನಾಲ್ಕು ತಿಂಗಳು ಏಕೆ? ಮೊದಲಿಗೆ, ಕಳ್ಳ ಕೊಟ್ಟ ಪ್ರೋಗ್ರಾಮನ್ನು ಹಾಗೇ ಓಡಿಸಲಾಗದು. ಅದರಲ್ಲೇ ವಿಷವಿದೆಯೇ ಎಂದು ನೋಡಬೇಕು. ಎರಡನೆಯದು ವೇಗ. ಅಮೆರಿಕದ ಕಲೋನಿಯಲ್ ಪೈಪ್‌ಲೈನ್ ಕಂಪನಿ 2021ರ ಮೇ ತಿಂಗಳಲ್ಲಿ 75 ಬಿಟ್‌ಕಾಯಿನ್ ತೆತ್ತು ಪಡೆದ ಹತಾರ ಎಷ್ಟು ನಿಧಾನವಾಗಿತ್ತೆಂದರೆ, ಅವರು ತಮ್ಮ ಬ್ಯಾಕಪ್‌ನಿಂದಲೇ ಚೇತರಿಸಿಕೊಳ್ಳಬೇಕಾಯಿತು. ಮೂರನೆಯದೇ ದೊಡ್ಡದು: ಬೀಗ ತೆಗೆದ ಸರ್ವರ್ ಶುದ್ಧವಾದ ಸರ್ವರ್ ಅಲ್ಲ. ಎಂಟು ವಾರ ಒಳಗಿದ್ದವರು ಎಲ್ಲೆಲ್ಲಿ ಹಿಂಬಾಗಿಲು ಕೊರೆದಿದ್ದಾರೋ, ಪ್ರತಿ ಯಂತ್ರವನ್ನೂ ತಪಾಸಿಸಿ ಆಮೇಲೇ ಜಾಲಕ್ಕೆ ಸೇರಿಸಬೇಕು.

ಬ್ಯಾಕಪ್‌ಗೂ ಇದೇ ಮಾತು ಅನ್ವಯಿಸುತ್ತದೆ. 30 ದಿನಗಳ ಬ್ಯಾಕಪ್ ಇಟ್ಟುಕೊಂಡ ಸಂಸ್ಥೆಗೆ 57 ದಿನದ ಕಳ್ಳ ಹೊಕ್ಕಿದ್ದರೆ ಪ್ರತಿ ಬ್ಯಾಕಪ್‌ನಲ್ಲೂ ಅವನಿದ್ದಾನೆ. ಆದ್ದರಿಂದ ಆಪರೇಟಿಂಗ್ ಸಿಸ್ಟಂ ಮತ್ತು ಅಪ್ಲಿಕೇಶನ್‌ಗಳನ್ನು ಮೂಲ ಪ್ರತಿಯಿಂದ ಹೊಸದಾಗಿ ಹಾಕಿ. ಬ್ಯಾಕಪ್‌ನಿಂದ ದತ್ತಾಂಶವನ್ನಷ್ಟೇ ತನ್ನಿ. ಬ್ಯಾಕಪ್ ಸರ್ವರ್ ಕಚೇರಿಯ ಡೊಮೈನ್‌ಗೆ (ಎಲ್ಲ ಕಂಪ್ಯೂಟರ್‌ಗಳ ಲಾಗಿನ್‌ಗಳನ್ನು ಒಂದೇ ಕಡೆಯಿಂದ ನಿಭಾಯಿಸುವ ವ್ಯವಸ್ಥೆಗೆ) ಸೇರಿರಬಾರದು. ಸೇರಿದ್ದರೆ ಡೊಮೈನ್ ಅಡ್ಮಿನ್ ಪಾಸ್‌ವರ್ಡ್ ಕದ್ದವನು ಮೊದಲು ಅಳಿಸುವುದು ಅದನ್ನೇ. ವಿಂಡೋಸ್ ತಾನೇ ಇಟ್ಟುಕೊಳ್ಳುವ ಹಳೆಯ ಪ್ರತಿಗಳಾದ ಶ್ಯಾಡೋ ಕಾಪಿಗಳನ್ನಂತೂ ಒಂದೇ ಸಾಲಿನ ಆಜ್ಞೆಯಿಂದ ಒರೆಸುತ್ತಾರೆ. ಒಂದು ಪ್ರತಿಯಾದರೂ ಟೇಪಿನಲ್ಲಿ ಹೊರಗಿರಲಿ, ಇಲ್ಲವೇ ನಿಗದಿತ ಅವಧಿಯವರೆಗೆ ಅಡ್ಮಿನ್‌ಗೂ ಅಳಿಸಲಾಗದ ಕ್ಲೌಡ್ ಸಂಗ್ರಹದಲ್ಲಿರಲಿ. ಎಚ್‌ಎಸ್‌ಇ ತನ್ನ ಬ್ಯಾಕಪ್ ವ್ಯವಸ್ಥೆಯನ್ನು ಟೇಪಿಗೆ ಇಳಿಸುತ್ತಿದ್ದುದು ಆಗಾಗ ಮಾತ್ರ. ಕೀಲಿಕೈ ಸಿಗದಿದ್ದರೆ ಎಷ್ಟು ದತ್ತಾಂಶ ಕೈಬಿಟ್ಟು ಹೋಗುತ್ತಿತ್ತೆಂದು ತನಿಖೆಗೂ ಹೇಳಲಾಗಲಿಲ್ಲ. ದಿಲ್ಲಿಯ ಏಮ್ಸ್‌ನಲ್ಲಿ 2022ರ ನವೆಂಬರ್‌ನಲ್ಲಿ 5 ಸರ್ವರ್‌ಗಳ ಸುಮಾರು 1.3 ಟೆರಾಬೈಟ್ ದತ್ತಾಂಶಕ್ಕೆ ಬೀಗ ಬಿತ್ತು. ಜಾಲವನ್ನು ಸರಿಯಾಗಿ ವಿಭಾಗಿಸದೇ ಇದ್ದದ್ದು ಕಾರಣವೆಂದು ಸರ್ಕಾರ ಸಂಸತ್ತಿಗೆ ತಿಳಿಸಿತು. ದಾಳಿ ಮುಟ್ಟದೆ ಉಳಿದ ಒಂದು ಬ್ಯಾಕಪ್ ಸರ್ವರ್‌ನಿಂದ ಇ-ಹಾಸ್ಪಿಟಲ್ ದತ್ತಾಂಶ ಮರಳಿತು.

2017ರ ಜೂನ್‌ನಲ್ಲಿ ನಾಟ್‌ಪೆಟ್ಯಾ ದಾಳಿಗೆ ಸಿಕ್ಕ ಹಡಗು ಕಂಪನಿ ಮೇರ್ಸ್ಕ್‌ನ ಪ್ರಕರಣ ಇನ್ನೂ ಸ್ವಾರಸ್ಯಕರ. (ಮುಂಬೈ ಬಳಿಯ ಜೆಎನ್‌ಪಿಟಿಯಲ್ಲಿ ಅದರ ಟರ್ಮಿನಲ್ ಕೂಡ ಸ್ತಬ್ಧವಾಯಿತು.) ಯಾರಿಗೆ ಎಲ್ಲಿ ಪ್ರವೇಶ ಎಂದು ನಿರ್ಧರಿಸುವ ಡೊಮೈನ್ ಕಂಟ್ರೋಲರ್‌ಗಳು ಅಲ್ಲಿ ಸುಮಾರು 150 ಇದ್ದವು, ಒಂದಕ್ಕೊಂದು ಪ್ರತಿ ಆಗಿರುತ್ತವೆಂದು ಅವಕ್ಕೆ ಬೇರೆ ಬ್ಯಾಕಪ್ ಇಟ್ಟಿರಲಿಲ್ಲ. ಎಲ್ಲವೂ ಒಟ್ಟಿಗೇ ಹೋದವು. ಉಳಿದದ್ದು ಘಾನಾದ ಒಂದೇ ಒಂದು, ಅದೂ ಅಲ್ಲಿ ಕರೆಂಟ್ ಹೋಗಿದ್ದರಿಂದ! 4,000 ಸರ್ವರ್, 45,000 ಕಂಪ್ಯೂಟರ್‌ಗಳನ್ನು 10 ದಿನಗಳಲ್ಲಿ ಮತ್ತೆ ಕಟ್ಟಿದರು. ಆ ಕರೆಂಟ್ ಹೋಗಿರದಿದ್ದರೆ ಎಷ್ಟು ದಿನವೋ. ಸಿಂಕ್ ಆಗುವ ಪ್ರತಿಯನ್ನು ಬ್ಯಾಕಪ್ ಎಂದುಕೊಂಡವರೆಲ್ಲರ ಪಾಡು ಇದೇ.

ಕಾಗದ ಪೆನ್ಸಿಲು ಹಿಡಿದು ಒಂದು ಲೆಕ್ಕ ಹಾಕಿ. 1 ಗಿಗಾಬಿಟ್ ಜಾಲದಲ್ಲಿ ಸೆಕೆಂಡಿಗೆ ಹೆಚ್ಚೆಂದರೆ 125 ಮೆಗಾಬೈಟ್ ಹರಿಯುತ್ತದೆ. 10 ಟೆರಾಬೈಟ್‌ಗೆ 80,000 ಸೆಕೆಂಡು, ಅಂದರೆ 22 ಗಂಟೆ. ಎಕ್ಸ್‌ರೇ ಚಿತ್ರಗಳೆಲ್ಲ ಸೇರಿ 60 ಟೆರಾಬೈಟ್ ಇರುವ ಆಸ್ಪತ್ರೆಗೆ ಐದೂವರೆ ದಿನ. ಲಕ್ಷಗಟ್ಟಲೆ ಸಣ್ಣ ಫೈಲುಗಳಿದ್ದರೆ ಅದರ ಎರಡು ಪಟ್ಟೂ ಆಗಬಹುದು. ಆಯುಧಪೂಜೆಯ ದಿನ ಸರ್ವರಿಗೆ ಕುಂಕುಮ ಹಚ್ಚುವ ಸಂಸ್ಥೆಗಳು ಅದೇ ವಾರ ಒಂದು ಸರ್ವರನ್ನಾದರೂ ಖಾಲಿ ಯಂತ್ರದ ಮೇಲೆ ಬ್ಯಾಕಪ್‌ನಿಂದ ಎಬ್ಬಿಸಿ, ಹಿಡಿದ ಸಮಯವನ್ನು ಬರೆದಿಟ್ಟರೆ ಪೂಜೆಗೂ ಅರ್ಥ ಬಂದೀತು. ಎಬ್ಬಿಸುವ ಕ್ರಮ ಹೀಗಿರಲಿ: ಮೊದಲು ಡೊಮೈನ್ ಕಂಟ್ರೋಲರ್ ಮತ್ತು ಡಿಎನ್‌ಎಸ್ (ಹೆಸರಿನಿಂದ ಯಂತ್ರದ ವಿಳಾಸ ಹುಡುಕಿಕೊಡುವ ಸೇವೆ), ಆಮೇಲೆ ಡೇಟಾಬೇಸ್, ಆಮೇಲೆ ಅಪ್ಲಿಕೇಶನ್, ಸಿಬ್ಬಂದಿಯ ಕಂಪ್ಯೂಟರ್‌ಗಳು ಕೊನೆಗೆ. ಡೊಮೈನ್‌ನಲ್ಲಿ ಪ್ರವೇಶದ ಟಿಕೆಟ್‌ಗಳಿಗೆ ಮುದ್ರೆ ಒತ್ತುವ ‘ಕೆಆರ್‌ಬಿಟಿಜಿಟಿ’ ಖಾತೆಯ ಪಾಸ್‌ವರ್ಡನ್ನು ಎರಡು ಬಾರಿ ಬದಲಿಸಬೇಕು, ನಡುವೆ ಕನಿಷ್ಠ 10 ಗಂಟೆ ಬಿಟ್ಟು. ವಿಂಡೋಸ್ ಹಿಂದಿನ ಒಂದು ಪಾಸ್‌ವರ್ಡನ್ನೂ ಮಾನ್ಯ ಮಾಡುವುದರಿಂದ ಒಂದೇ ಸಲ ಬದಲಿಸಿದರೆ ಕಳ್ಳನ ಟಿಕೆಟ್ ಇನ್ನೂ ನಡೆಯುತ್ತದೆ. ಫೋನ್ ನಂಬರುಗಳು, ಜಾಲದ ನಕ್ಷೆ ಎಲ್ಲವೂ ಕಾಗದದಲ್ಲಿರಲಿ. ಮೇಲ್ ಸರ್ವರೇ ಮಲಗಿದಾಗ ಮೇಲ್‌ನಲ್ಲಿರುವ ಯೋಜನೆಯನ್ನು ಯಾರು ಓದುತ್ತಾರೆ?

ತಂತ್ರಾಂಶಗಳ ಹೊಸ ಲೋಪಗಳ ಕಡೆ ಬರೋಣ. ವನ್ನಾಕ್ರೈ ಬಳಸಿದ ಲೋಪಕ್ಕೆ ಮೈಕ್ರೋಸಾಫ್ಟ್ 2017ರ ಮಾರ್ಚ್ 14ರಂದೇ ಪ್ಯಾಚ್ (ಲೋಪ ಮುಚ್ಚುವ ತೇಪೆ) ಕೊಟ್ಟಿತ್ತು. ದಾಳಿ ನಡೆದದ್ದು ಮೇ 12ರಂದು, 59 ದಿನಗಳ ನಂತರ. ಆ ಹುಳು ಫೈಲು ಹಂಚಿಕೊಳ್ಳುವ ದಾರಿಯಾದ 445ನೇ ಪೋರ್ಟಿನ ಮೂಲಕ ಕಂಪ್ಯೂಟರಿನಿಂದ ಕಂಪ್ಯೂಟರಿಗೆ ಹರಿಯಿತು. ಕಚೇರಿಯ ಎರಡು ಡೆಸ್ಕ್‌ಟಾಪ್‌ಗಳು ಪರಸ್ಪರ ಆ ಪೋರ್ಟಿನಲ್ಲಿ ಮಾತಾಡಬೇಕಾದ ಅಗತ್ಯ ಬಹುತೇಕ ಇರುವುದೇ ಇಲ್ಲ. ವಿಂಡೋಸ್ ಫೈರ್‌ವಾಲ್‌ನಲ್ಲಿ ಅದನ್ನು ಮುಚ್ಚಿದರೆ ಪ್ಯಾಚ್ ತಡವಾದರೂ ಬೆಂಕಿ ಒಂದೇ ಮೇಜಿನಲ್ಲಿ ನಿಲ್ಲುತ್ತದೆ.

ಎಲ್ಲ ಪ್ಯಾಚನ್ನೂ ತಕ್ಷಣ ಹಾಕಿ ಎನ್ನುವುದು ಯಾರೂ ಪಾಲಿಸಲಾಗದ ಉಪದೇಶ. ಅಮೆರಿಕದ ಸೈಬರ್ ಭದ್ರತಾ ಸಂಸ್ಥೆ ಸಿಐಎಸ್‌ಎ 2021ರ ನವೆಂಬರ್‌ನಿಂದ, ನಿಜಕ್ಕೂ ದಾಳಿಗೆ ಬಳಕೆಯಾಗುತ್ತಿರುವ ಲೋಪಗಳ ಪಟ್ಟಿಯನ್ನು ಉಚಿತವಾಗಿ ಪ್ರಕಟಿಸುತ್ತಿದೆ. ಆ ಪಟ್ಟಿಯಲ್ಲಿರುವ ಲೋಪ ನಿಮ್ಮ ವಿಪಿಎನ್, ಫೈರ್‌ವಾಲ್, ಮೇಲ್ ಸರ್ವರ್‌ನಂಥ ಇಂಟರ್ನೆಟ್ಟಿಗೆ ಮುಖಮಾಡಿದ ಸಾಧನದಲ್ಲಿದ್ದರೆ 48 ಗಂಟೆ ದಾಟಿಸಬೇಡಿ. ಒಳಗಿನ ಯಾವುದೋ ಯಂತ್ರದ ಲೋಪಕ್ಕೆ ಗಂಭೀರತೆಯಲ್ಲಿ ಹತ್ತರಲ್ಲಿ ಒಂಬತ್ತು ಅಂಕ ಬಿದ್ದಿದ್ದರೂ, ಯಾರೂ ಬಳಸುತ್ತಿಲ್ಲವಾದರೆ ತಿಂಗಳ ಸರದಿಗೆ ಕಾಯಬಹುದು. ಪ್ಯಾಚ್ ಇನ್ನೂ ಬಂದಿಲ್ಲವೆಂದರೆ ಆ ಸೇವೆಯನ್ನು ಹೊರಜಗತ್ತಿಗೆ ಮುಚ್ಚಿ.

ಪ್ಯಾಚ್ ಹಾಕಿದರೂ ಕೆಲಸ ಮುಗಿಯದಿರಬಹುದು. ದೂರದಿಂದ ಕಚೇರಿ ಜಾಲಕ್ಕೆ ಪ್ರವೇಶ ಕೊಡುವ ಸಿಟ್ರಿಕ್ಸ್ ಸಾಧನಗಳಲ್ಲಿದ್ದ 2023ರ ‘ಸಿಟ್ರಿಕ್ಸ್ ಬ್ಲೀಡ್’ ಲೋಪಕ್ಕೆ ಅಕ್ಟೋಬರ್ 10ರಂದು ಪ್ಯಾಚ್ ಬಂತು. ಆದರೆ ಅಷ್ಟರಲ್ಲಿ ದಾಳಿಕೋರರು ಒಳಬಂದಿದ್ದವರ ಸೆಷನ್ ಟೋಕನ್‌ಗಳನ್ನು (ಈಗಾಗಲೇ ಲಾಗಿನ್ ಆಗಿದ್ದಾರೆ ಎನ್ನುವ ಗುರುತುಚೀಟಿಗಳನ್ನು) ಕದ್ದಿದ್ದರು. ಅವು ಪ್ಯಾಚ್ ನಂತರವೂ ಚಲಾವಣೆಯಲ್ಲಿದ್ದವು, ಪಾಸ್‌ವರ್ಡನ್ನೂ ಒಟಿಪಿಯನ್ನೂ ಕೇಳುತ್ತಿರಲಿಲ್ಲ. ಎಲ್ಲ ಸೆಷನ್‌ಗಳನ್ನು ಕೈಯಾರೆ ಕಡಿದುಹಾಕದವರು ಬಾಗಿಲು ಭದ್ರಪಡಿಸಿಯೂ ಸಿಕ್ಕಿಬಿದ್ದರು. 2021ರ ಡಿಸೆಂಬರ್‌ನ ಲಾಗ್4ಶೆಲ್‌ನಲ್ಲಿ ತೊಡಕು ಬೇರೆಯೇ. ಲೋಪವಿದ್ದ ಜಾವಾ ತುಣುಕು ಬೇರೆ ತಂತ್ರಾಂಶಗಳ ಹೊಟ್ಟೆಯೊಳಗೆ ಅಡಗಿತ್ತು. ತಮ್ಮಲ್ಲಿ ಅದು ಎಲ್ಲಿದೆ ಎಂದೇ ಹಲವರಿಗೆ ಗೊತ್ತಾಗಲಿಲ್ಲ. ಯಾವ ಯಂತ್ರದಲ್ಲಿ ಯಾವ ತಂತ್ರಾಂಶ, ಅದರೊಳಗೆ ಏನೇನು, ಯಾರು ಒದಗಿಸಿದ್ದು ಎಂಬ ಪಟ್ಟಿ ಇಲ್ಲದವರಿಗೆ ಪ್ಯಾಚ್ ಕೈಯಲ್ಲಿದ್ದೂ ಹಾಕಲು ಜಾಗ ಕಾಣುವುದಿಲ್ಲ. ಒದಗಿಸುವವರ ವಿಷಯ ನಮಗೆ ಹತ್ತಿರದ್ದೇ: 2024ರ ಜುಲೈ ಕೊನೆಯಲ್ಲಿ ಸಿ-ಎಡ್ಜ್ ಎಂಬ ಒಂದು ಸೇವಾ ಕಂಪನಿಗೆ ರಾನ್ಸಮ್‌ವೇರ್ ತಗುಲಿದ್ದರಿಂದ ದೇಶದ ಸುಮಾರು 300 ಸಹಕಾರಿ ಮತ್ತು ಗ್ರಾಮೀಣ ಬ್ಯಾಂಕುಗಳ ಪಾವತಿ ಸೇವೆ ನಿಂತಿತು.

ಇಷ್ಟೆಲ್ಲ ಮಾಡಿದರೂ ದತ್ತಾಂಶ ಕಳವಿಗೆ ಬ್ಯಾಕಪ್ ಮದ್ದಲ್ಲ. ಈಗಿನ ಗುಂಪುಗಳು ಬೀಗ ಹಾಕುವ ಮುನ್ನ ನಕಲು ಮಾಡಿಕೊಂಡು, ಹಣ ಕೊಡದಿದ್ದರೆ ಬಯಲಿಗಿಡುತ್ತೇವೆ ಎಂದು ಬೆದರಿಸುತ್ತವೆ. ಫೈಲು ಕಳಿಸುವ ತಂತ್ರಾಂಶವಾದ ಮೂವ್‌ಇಟ್‌ನ 2023ರ ಪ್ರಕರಣದಲ್ಲಿ ಕ್ಲಾಪ್ ಗುಂಪು ಬೀಗ ಹಾಕುವ ಗೋಜಿಗೇ ಹೋಗಲಿಲ್ಲ. ರಾತ್ರಿ ಎರಡು ಗಂಟೆಗೆ ಫೈಲ್ ಸರ್ವರಿನಿಂದ ನೂರಾರು ಗಿಗಾಬೈಟ್ ಹೊರಗೆ ಹೋದರೆ ಫೈರ್‌ವಾಲ್ ಕೂಗಬೇಕು, ಅಷ್ಟು ಹೊಂದಿಸಿಡಿ.

ಭಾರತದಲ್ಲಿ ದಾಳಿ ಗಮನಕ್ಕೆ ಬಂದ 6 ಗಂಟೆಯೊಳಗೆ ಸರ್ಕಾರದ ಸೈಬರ್ ತುರ್ತು ತಂಡವಾದ ಸರ್ಟ್-ಇನ್‌ಗೆ ತಿಳಿಸಬೇಕೆಂದು 2022ರ ಏಪ್ರಿಲ್ 28ರ ಆದೇಶ ಹೇಳುತ್ತದೆ. ಲಾಗ್‌ಗಳನ್ನು (ಯಂತ್ರಗಳ ಚಟುವಟಿಕೆಯ ದಾಖಲೆಗಳನ್ನು) 180 ದಿನ ಇಡಬೇಕೆಂಬುದೂ ಅದರಲ್ಲೇ ಇದೆ. ಲಾಗ್‌ಗಳು ಆಯಾ ಸರ್ವರ್‌ನಲ್ಲೇ ಇದ್ದರೆ ಅವಕ್ಕೂ ಬೀಗ ಬೀಳುತ್ತದೆ. ಪ್ರತ್ಯೇಕ ಪಾಸ್‌ವರ್ಡಿನ ಬೇರೊಂದು ಯಂತ್ರಕ್ಕೆ ಆಗಿಂದಾಗ್ಗೆ ಹೋಗುತ್ತಿರಲಿ. ಎಲ್ಲ ಗಡಿಯಾರಗಳೂ ಸರಿಯಾದ ಹೊತ್ತು ತಿಳಿಸುವ ಒಂದೇ ಎನ್‌ಟಿಪಿ ಸರ್ವರಿಗೆ ಹೊಂದಿಕೊಂಡಿರಲಿ. ಫೈರ್‌ವಾಲ್ ಒಂದು ಹೊತ್ತು, ಸರ್ವರ್ ಇನ್ನೊಂದು ಹೊತ್ತು ತೋರಿಸುತ್ತಿದ್ದರೆ ಕಳ್ಳ ಮೊದಲು ಹೊಕ್ಕ ಯಂತ್ರ ಯಾವುದೆಂದು ತನಿಖೆಯವರು ಹೇಳಲಾರರು. ಅದು ಗೊತ್ತಾಗುವವರೆಗೆ ಯಾವ ತಾರೀಖಿನ ಬ್ಯಾಕಪ್ ಶುದ್ಧ ಎಂದೂ ಹೇಳಲಾಗದು.