ಅಪ್ರೂವ್ ಆದ ರಜೆಯಲ್ಲಿದ್ದಾಗ ಪ್ರಮೋಷನ್ ಕೈತಪ್ಪಿದರೆ ಏನು ಮಾಡೋದು?

ಪ್ರಶ್ನೆ: ಬೆಂಗಳೂರಿನ ಒಂದು ಖಾಸಗಿ ಕಂಪನಿಯಲ್ಲಿ ಆರು ವರ್ಷದಿಂದ ಕೆಲಸ ಮಾಡುತ್ತಿದ್ದೇನೆ. ಈ ಸಲ ಟೀಮ್ ಲೀಡ್ ಹುದ್ದೆಗೆ ನನ್ನ ಹೆಸರಿತ್ತು. ನಮ್ಮೂರು ಶಿರಸಿ. ಮಾರಿಕಾಂಬಾ ಜಾತ್ರೆ ಎರಡು ವರ್ಷಕ್ಕೊಮ್ಮೆ ಬರೋದು, ಅದಕ್ಕೇ ಡಿಸೆಂಬರ್‌ನಲ್ಲೇ ರಜೆ ಹಾಕಿ ಅಪ್ರೂವ್ ಮಾಡಿಸಿಕೊಂಡಿದ್ದೆ. ಇನ್ನೇನು ಊರಿಗೆ ಹೊರಡಬೇಕು ಅನ್ನುವಾಗ, ಪ್ಯಾನೆಲ್ ಇಂಟರ್ವ್ಯೂ ಅದೇ ವಾರ ಅಂತ ಮೇಲ್ ಬಂತು. ದಿನ ಬದಲಾಯಿಸಿ ಅಂದೆ, ಆಗಲ್ಲ ಅಂದರು. ವಾಪಸ್ ಬರುವಷ್ಟರಲ್ಲಿ ನನಗಿಂತ ಜೂನಿಯರ್ ಒಬ್ಬರಿಗೆ ಹುದ್ದೆ ಕೊಟ್ಟಾಗಿತ್ತು. ಅಪ್ರೂವ್ ಆದ ರಜೆ ತಗೊಂಡಿದ್ದೇ ತಪ್ಪಾ? ಕಾನೂನಿನಲ್ಲಿ ಏನಾದರೂ ದಾರಿ ಇದೆಯಾ?

ಉತ್ತರ: ರಜೆ ತಗೊಂಡಿದ್ದು ತಪ್ಪಲ್ಲ. ಆದರೆ ಕೋರ್ಟಿಗೆ ಹೋಗಿ ಆ ಹುದ್ದೆ ವಾಪಸ್ ಪಡೆಯುವುದು ಬಹುಪಾಲು ಆಗದ ಮಾತು. ನಮ್ಮ ಕಾನೂನು ನಿಮ್ಮ ರಜೆಯನ್ನು ಕಾಯುತ್ತದೆ. ಪ್ರಮೋಷನ್ ವಿಷಯದಲ್ಲಿ, ಅದೂ ಖಾಸಗಿ ಕಂಪನಿಯಲ್ಲಿ, ಅದು ಹೆಚ್ಚುಕಡಿಮೆ ಸುಮ್ಮನಿರುತ್ತದೆ. ನಿಮಗೆ ದಾರಿ ಇರುವುದು ಕಂಪನಿಯ ಒಳಗೆ. ಅದನ್ನು ಸರಿಯಾಗಿ ಬಳಸಿದರೆ ಮುಂದಿನ ಸುತ್ತಿನಲ್ಲಿ ಫಲ ಸಿಗುವ ಸಾಧ್ಯತೆ ಚೆನ್ನಾಗಿಯೇ ಇದೆ.

ಇಂಥ ಪ್ರಶ್ನೆ ಫೆಬ್ರವರಿಯಿಂದ ಮೇವರೆಗೆ ಜಾಸ್ತಿ ಬರುತ್ತದೆ. ಕಾರಣ ಗೊತ್ತಿರುವುದೇ. ಮಾರ್ಚ್ 31ಕ್ಕೆ ಆರ್ಥಿಕ ವರ್ಷ ಮುಗಿಯುತ್ತದೆ. ಅಪ್ರೈಸಲ್, ರೇಟಿಂಗ್, ಪ್ರಮೋಷನ್ ಎಲ್ಲ ಅದರ ಆಸುಪಾಸಿನಲ್ಲೇ. ಊರಲ್ಲಿ ಜಾತ್ರೆ, ತೇರು, ಮದುವೆ ಮುಹೂರ್ತಗಳೂ ಆಗಲೇ. ಏಪ್ರಿಲ್‌ನಲ್ಲಿ ಮಕ್ಕಳಿಗೆ ಬೇಸಿಗೆ ರಜೆ ಬೇರೆ. ಕಂಪನಿಯ ಕ್ಯಾಲೆಂಡರ್ ಮಾಡುವವರು ಪಂಚಾಂಗ ನೋಡುವುದಿಲ್ಲ ಬಿಡಿ.

ಮೊದಲು ರಜೆಯ ಕಾನೂನು ನೋಡೋಣ. ರಾಜ್ಯದ ಅಂಗಡಿ, ಆಫೀಸುಗಳಿಗೆ ಅನ್ವಯ ಆಗುವುದು ಕರ್ನಾಟಕ ಅಂಗಡಿಗಳು ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ, 1961. ಇದರಲ್ಲಿ 20 ದಿನ ಕೆಲಸಕ್ಕೆ ಒಂದು ದಿನದಂತೆ ಸಂಬಳ ಸಹಿತ ವಾರ್ಷಿಕ ರಜೆ ಸಿಗುತ್ತದೆ. ಬಳಸದೆ ಉಳಿದದ್ದನ್ನು ಮುಂದಿನ ವರ್ಷಕ್ಕೆ ಒಯ್ಯಬಹುದು. ಮೊದಲು ಇದಕ್ಕೆ 30 ದಿನದ ಮಿತಿ ಇತ್ತು, ಈಗ 45. ಅಂದರೆ ರಜೆ ನಿಮ್ಮ ದುಡಿಮೆಯಿಂದ ಗಳಿಸಿದ್ದು. ಬಾಸ್ ದೊಡ್ಡ ಮನಸ್ಸು ಮಾಡಿ ಕೊಟ್ಟದ್ದಲ್ಲ. 'ಜಾತ್ರೆಗೆ ಹೋಗೋಕೆ ಬಿಟ್ಟೆವಲ್ಲ, ಮತ್ತೇನು' ಅಂತ ಯಾರಾದರೂ ಅಂದರೆ ಇದನ್ನು ನೆನಪಿಸಿ.

ಬ್ಯಾಂಕಿನವರ ಕಥೆಯಂತೂ ಇದಕ್ಕೆ ಪೂರ್ತಿ ಉಲ್ಟಾ. ಸೂಕ್ಷ್ಮ ಹುದ್ದೆಯಲ್ಲಿ ಇರುವವರನ್ನು ವರ್ಷಕ್ಕೊಮ್ಮೆ ಒಟ್ಟಿಗೆ ಕನಿಷ್ಠ 10 ಕೆಲಸದ ದಿನ, ಮೊದಲೇ ಹೇಳದೆ, ರಜೆ ಮೇಲೆ ಕಳಿಸಲೇಬೇಕು ಅಂತ ರಿಸರ್ವ್ ಬ್ಯಾಂಕ್ 2021ರ ಜುಲೈನಲ್ಲಿ ಸುತ್ತೋಲೆ ಹೊರಡಿಸಿದೆ. ಏನಾದರೂ ಗೋಲ್‌ಮಾಲ್ ನಡೆದಿದ್ದರೆ ಆ ಮನುಷ್ಯ ಸೀಟಿನಲ್ಲಿ ಇಲ್ಲದಾಗ ಹೊರಬೀಳಲಿ ಅನ್ನುವುದು ಲೆಕ್ಕಾಚಾರ. ರಜೆ ಹಾಕುವವರಿಗೆ ಕೆಲಸದ ಮೇಲೆ ಶ್ರದ್ಧೆ ಇಲ್ಲ ಅನ್ನುವ ಮ್ಯಾನೇಜರ್‌ಗಳಿಗೆ ಇದನ್ನೊಮ್ಮೆ ತೋರಿಸಬೇಕು.

ಇನ್ನು ಪ್ರಮೋಷನ್. ಸರ್ಕಾರಿ ನೌಕರರಿಗೆ ಒಂದು ಆಸರೆ ಇದೆ. ಬಡ್ತಿಗೆ ಪರಿಗಣಿಸಲ್ಪಡುವುದು ಮೂಲಭೂತ ಹಕ್ಕು ಅಂತ ಸುಪ್ರೀಂ ಕೋರ್ಟ್ 1999ರ ಅಜಿತ್ ಸಿಂಗ್ ಪ್ರಕರಣದಲ್ಲಿ ಸ್ಪಷ್ಟವಾಗಿ ಹೇಳಿದೆ. ಬಡ್ತಿಯೇ ಹಕ್ಕು ಅಂದಿಲ್ಲ. ಅರ್ಹತೆ ಇದ್ದರೆ ಹೆಸರನ್ನು ನೋಡದೆ ಪಕ್ಕಕ್ಕೆ ಇಡುವಂತಿಲ್ಲ, ಅಷ್ಟೇ. ಜೊತೆಗೆ ಅಲ್ಲಿ ಇಲಾಖಾ ಬಡ್ತಿ ಸಮಿತಿ ಸಾಮಾನ್ಯವಾಗಿ ನೋಡುವುದು ಜ್ಯೇಷ್ಠತಾ ಪಟ್ಟಿ ಮತ್ತು ಸೇವಾ ದಾಖಲೆ. ನೀವು ಸಭೆಯ ದಿನ ಗಳಿಕೆ ರಜೆಯಲ್ಲಿದ್ದರೂ ನಿಮ್ಮ ಫೈಲ್ ಮೇಜಿನ ಮೇಲೆ ಇರುತ್ತದೆ.

ಖಾಸಗಿಯಲ್ಲಿ ಆ ಆಸರೆ ಇಲ್ಲ. ಸಮಾನತೆಯ ಹಕ್ಕು ಕೊಡುವ ಸಂವಿಧಾನದ 14 ಮತ್ತು 16ನೇ ವಿಧಿಗಳು ಸರ್ಕಾರವನ್ನು ಕಟ್ಟಿಹಾಕುತ್ತವೆ, ನಿಮ್ಮ ಕಂಪನಿಯನ್ನಲ್ಲ. ಯಾರಿಗೆ ಪ್ರಮೋಷನ್ ಅನ್ನುವುದು ಆಡಳಿತದ ತೀರ್ಮಾನ ಅಂತ ಕೋರ್ಟುಗಳು ಸಾಮಾನ್ಯವಾಗಿ ದೂರ ಉಳಿಯುತ್ತವೆ. ಹಾಗಂತ ಬಾಗಿಲು ಪೂರ್ತಿ ಮುಚ್ಚಿಲ್ಲ. ಕಾರ್ಮಿಕ ಸಂಘದಲ್ಲಿ ಇದ್ದೀರಿ ಅಂತ ಬಡ್ತಿ ನಿರಾಕರಿಸುವುದನ್ನು ಕಾನೂನು ಹೆಸರಿಟ್ಟೇ ಅನುಚಿತ ಕಾರ್ಮಿಕ ಪದ್ಧತಿ ಅನ್ನುತ್ತದೆ. ಯೋಗ್ಯತೆ ನೋಡದೆ ಒಂದು ಗುಂಪಿಗೆ ಪಕ್ಷಪಾತ ಮಾಡುವುದೂ ಅದೇ ಪಟ್ಟಿಯಲ್ಲಿದೆ. ಹೆರಿಗೆ ರಜೆಯಲ್ಲಿ ಇರುವವರ ವಿಷಯ ಇನ್ನೂ ಗಟ್ಟಿ. ಆ ಅವಧಿಯಲ್ಲಿ ಕೆಲಸದಿಂದ ತೆಗೆಯುವಂತಿಲ್ಲ, ಸೇವಾ ಷರತ್ತುಗಳನ್ನು ಅವರಿಗೆ ನಷ್ಟ ಆಗುವ ಹಾಗೆ ಬದಲಾಯಿಸುವಂತಿಲ್ಲ. 26 ವಾರದ ರಜೆ ಮುಗಿಸಿ ಬಂದವರಿಗೆ 'ನೀವು ಈ ಸಲ ಇರಲಿಲ್ಲವಲ್ಲ' ಅಂತ ಕಡಿಮೆ ರೇಟಿಂಗ್ ಕೊಟ್ಟಿದ್ದರೆ ಅಂಥವರು ವಕೀಲರನ್ನು ಕಾಣುವುದು ಒಳ್ಳೆಯದು. ಜಾತ್ರೆಯ ರಜೆಗೆ ಇಂಥ ರಕ್ಷಣೆ ಇಲ್ಲ.

ಈಗ ಸ್ವಲ್ಪ ಖಾರದ ಮಾತು. ಆ ಹುದ್ದೆ ನಿಜಕ್ಕೂ ರಜೆಯಿಂದಲೇ ತಪ್ಪಿತಾ?

ದೊಡ್ಡ ಕಂಪನಿಗಳಲ್ಲಿ ಪ್ಯಾನೆಲ್ ಇಂಟರ್ವ್ಯೂ ಸಾಮಾನ್ಯವಾಗಿ ಕೊನೆಯ ಮೆಟ್ಟಿಲು. ಅದಕ್ಕೂ ಮೊದಲು ಮ್ಯಾನೇಜರ್ ನಿಮ್ಮ ಹೆಸರು ಕಳಿಸಬೇಕು. ಆಮೇಲೆ ನಾಲ್ಕೈದು ಮ್ಯಾನೇಜರ್‌ಗಳು ಎಚ್‌ಆರ್ ಜೊತೆ ಕೂತು ತಮ್ಮ ತಮ್ಮ ಹುಡುಗರ ರೇಟಿಂಗ್ ಹೋಲಿಸುತ್ತಾರೆ. ಕ್ಯಾಲಿಬ್ರೇಷನ್ ಅನ್ನುವುದು ಇದಕ್ಕೇ. ಎಕ್ಸೆಲ್ ಶೀಟಿನಲ್ಲಿ ಹತ್ತು ಹೆಸರು, ಬಜೆಟ್‌ನಲ್ಲಿ ಮೂರು ಸೀಟು. 'ನನ್ನ ಹುಡುಗಿ ಕಳೆದ ವರ್ಷವೇ ರೆಡಿ ಇದ್ದಳು, ಈ ಸಲ ಬಿಡಲ್ಲ' ಅಂತ ಒಬ್ಬರು ಪಟ್ಟು ಹಿಡಿಯುತ್ತಾರೆ. ಇನ್ನೊಬ್ಬರು ಫೋನ್ ನೋಡುತ್ತಾ ಕೂತಿರುತ್ತಾರೆ. ನೀವು ಬೆಂಗಳೂರಿನಲ್ಲೇ ಇದ್ದರೂ ಆ ರೂಮಿನೊಳಗೆ ನಿಮಗೆ ಪ್ರವೇಶ ಇಲ್ಲ. ನಿಮ್ಮ ಪರವಾಗಿ ಮಾತಾಡಬೇಕಾದವರು ನಿಮ್ಮ ಮ್ಯಾನೇಜರ್. ಡಿಸೆಂಬರ್‌ನಲ್ಲಿ ರಜೆ ಅಪ್ರೂವ್ ಮಾಡಿದವರೂ ಅವರೇ ಅಲ್ವಾ? ಪ್ಯಾನೆಲ್ ದಿನಾಂಕ ಗೊತ್ತಾದ ತಕ್ಷಣ 'ಈ ವಾರ ನಮ್ಮವರು ರಜೆಯಲ್ಲಿರುತ್ತಾರೆ, ಮುಂದಿನ ಸೋಮವಾರ ಇಡಿ' ಅನ್ನಲು ಅವರಿಗೆ ಒಂದು ನಿಮಿಷ ಸಾಕಿತ್ತು. ಅನ್ನಲಿಲ್ಲ ಅಂದರೆ ಒಂದೋ ಮರೆತಿದ್ದಾರೆ, ಇಲ್ಲವೇ ಹೆಸರು ಮೊದಲೇ ತೀರ್ಮಾನ ಆಗಿತ್ತು. ನನಗೆ ಎರಡನೆಯದರ ಮೇಲೇ ಅನುಮಾನ ಜಾಸ್ತಿ. ಬೇಕಾದವರಿಗಾಗಿ ಪ್ಯಾನೆಲ್ ಒಂದು ವಾರ ಕಾಯುತ್ತದೆ. ಪ್ಯಾನೆಲ್‌ನಲ್ಲಿ ಇರುವ ಡೈರೆಕ್ಟರ್ ಸಾಹೇಬರೇ ರಜೆ ಹಾಕಿದ್ದರೆ ದಿನಾಂಕ ಬದಲಾಗುತ್ತಿರಲಿಲ್ಲವೇ?

ಹಾಗಾಗಿ ಮ್ಯಾನೇಜರ್ ಹತ್ತಿರ 'ರಜೆ ಹಾಕಿದ್ದಕ್ಕೆ ಹೀಗಾಯ್ತಾ' ಅಂತ ಕೇಳಬೇಡಿ. 'ಛೆ, ಹಾಗೇನಿಲ್ಲ' ಅಂತ ಮಾತು ಮುಗಿಸುತ್ತಾರೆ. ಬದಲಿಗೆ ಹೀಗೆ ಕೇಳಿ: ಕ್ಯಾಲಿಬ್ರೇಷನ್‌ನಲ್ಲಿ ನನ್ನ ಹೆಸರು ಬಂದಿತ್ತಾ? ಆ ಹುದ್ದೆಗೆ ನನ್ನಲ್ಲಿ ಏನು ಕಮ್ಮಿ ಅನ್ನಿಸಿತು? ಮುಂದಿನ ಸುತ್ತು ಯಾವ ತಿಂಗಳು? ಅಲ್ಲಿಯವರೆಗೆ ನಾನು ಲೀಡ್ ಮಾಡಬಹುದಾದ ಕೆಲಸ ಯಾವುದು? ಮಾತಿನಲ್ಲಿ ಬಂದ ಉತ್ತರವನ್ನು ಅದೇ ದಿನ ಮೇಲ್‌ಗೆ ಹಾಕಿ. ಉದ್ದ ಬೇಡ, ದೂರಿನ ಧಾಟಿಯೂ ಬೇಡ. ಇಷ್ಟು ಸಾಕು:

'ಇಂದು ಮಾತಾಡಿದ್ದಕ್ಕೆ ಧನ್ಯವಾದ. ಡಿಸೆಂಬರ್‌ನಲ್ಲಿ ಅಪ್ರೂವ್ ಆದ ರಜೆಯ ವಾರದಲ್ಲೇ ಪ್ಯಾನೆಲ್ ಬಂದಿದ್ದರಿಂದ ನನಗೆ ಹಾಜರಾಗಲು ಆಗಲಿಲ್ಲ, ಬೇರೆ ದಿನ ಕೇಳಿದ್ದೆ. ಮುಂದಿನ ಸುತ್ತಿನಲ್ಲಿ ನನ್ನ ಹೆಸರು ಕಳಿಸುವುದಾಗಿ ನೀವು ಹೇಳಿದ್ದೀರಿ. ಅದರ ದಿನಾಂಕ ಮೊದಲೇ ತಿಳಿಸಿದರೆ ರಜೆಯನ್ನು ಹೊಂದಿಸಿಕೊಳ್ಳುತ್ತೇನೆ.'

ಈ ಮೇಲ್ ಮೇಲೆ ನಾಳೆ ಯಾರೂ ತಪ್ಪು ಹುಡುಕಲು ಆಗುವುದಿಲ್ಲ, ಆದರೆ ನಡೆದದ್ದೆಲ್ಲ ದಾಖಲೆಯಲ್ಲಿ ಉಳಿಯುತ್ತದೆ. ರಜೆ ಅಪ್ರೂವ್ ಆದ ದಿನ, ಪ್ಯಾನೆಲ್ ಮೇಲ್ ಬಂದ ದಿನ, ನೀವು ಬೇರೆ ದಿನ ಕೇಳಿದ್ದು, ಅವರು ಕೊಟ್ಟ ಉತ್ತರ, ಇಷ್ಟನ್ನೂ ಮನೆಯಲ್ಲಿ ಒಂದು ಪುಸ್ತಕದಲ್ಲಿ ಬರೆದಿಟ್ಟುಕೊಳ್ಳಿ. ಆಫೀಸಿನ ಮೇಲ್‌ಗಳನ್ನು ಸ್ವಂತ ಜಿಮೇಲ್‌ಗೆ ಫಾರ್ವರ್ಡ್ ಮಾಡಲು ಹೋಗಬೇಡಿ. ಎಷ್ಟೋ ಕಂಪನಿಗಳಲ್ಲಿ ಅದೇ ಶಿಸ್ತು ಕ್ರಮಕ್ಕೆ ಕಾರಣ ಆಗುತ್ತದೆ.

ಒಂದು ಪ್ರಶ್ನೆ ನಿಮಗೂ ಬರುತ್ತದೆ: 'ಶಿರಸಿಯಿಂದಲೇ ವಿಡಿಯೋ ಕಾಲ್‌ನಲ್ಲಿ ಹಾಜರಾಗಬಹುದಿತ್ತಲ್ಲ?' ನೀವು ಕೇಳಿ, ಅವರು ಬೇಡ ಅಂದಿದ್ದರೆ ನಿಮ್ಮ ವಾದಕ್ಕೆ ಬಲ ಬಂತು. ಕೇಳಿಯೇ ಇರಲಿಲ್ಲ ಅಂದರೆ ಮುಂದಿನ ಸಲ ಕೇಳಿ. ರಜೆಯಲ್ಲಿ ಆಫೀಸ್ ಕೆಲಸ ಮಾಡಬಾರದು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ, ಆದರೆ ಒಂದು ಗಂಟೆಯ ಪ್ರಮೋಷನ್ ಇಂಟರ್ವ್ಯೂಗೆ ವಿನಾಯಿತಿ ಕೊಡಬಹುದು. ಪೇಟೆಯಲ್ಲಿ ನೆಟ್‌ವರ್ಕ್ ಸಿಗುತ್ತದೆ. ಒಳಗಿನ ಹಳ್ಳಿಯಾದರೆ ಸಿಗ್ನಲ್ ಹುಡುಕಿಕೊಂಡು ಗುಡ್ಡ ಹತ್ತಬೇಕು, ಅದು ಬೇರೆ ಮಾತು.

ಮ್ಯಾನೇಜರ್ ಕಡೆಯಿಂದ ಏನೂ ಆಗದಿದ್ದರೆ ಎಚ್‌ಆರ್‌ಗೆ ಬರೆಯಿರಿ. ಮೊದಲು ಕಂಪನಿಯ ಪ್ರಮೋಷನ್ ಪಾಲಿಸಿ ಓದಿ. 'ಅರ್ಹರೆಲ್ಲರಿಗೂ ಇಂಟರ್ವ್ಯೂ ಅವಕಾಶ' ಅನ್ನುವ ಸಾಲು ಅದರಲ್ಲಿದ್ದರೆ ನಿಮ್ಮ ದೂರು ಆ ಸಾಲಿನ ಮೇಲೆ ನಿಲ್ಲಬೇಕು, ಜೂನಿಯರ್‌ಗೆ ಕೊಟ್ಟರು ಅನ್ನುವುದರ ಮೇಲಲ್ಲ. 2025ರ ನವೆಂಬರ್ 21ರಂದು ಜಾರಿಗೆ ಬಂದ ಕೈಗಾರಿಕಾ ಸಂಬಂಧಗಳ ಸಂಹಿತೆಯ ಪ್ರಕಾರ, 20 ಅಥವಾ ಹೆಚ್ಚು ಕಾರ್ಮಿಕರಿರುವ ಸಂಸ್ಥೆಯಲ್ಲಿ ಕುಂದುಕೊರತೆ ಸಮಿತಿ ಇರಬೇಕು. ಅಲ್ಲಿಗೆ ಒಂದು ವರ್ಷದೊಳಗೆ ಅರ್ಜಿ ಕೊಡಬಹುದು. ಆದರೆ ಮ್ಯಾನೇಜರ್ ದರ್ಜೆಯವರು ಆ ಕಾನೂನಿನ ಅರ್ಥದಲ್ಲಿ ಕಾರ್ಮಿಕರಲ್ಲ. ನೀವಿನ್ನೂ ಟೀಮ್ ಲೀಡ್ ಆಗಿಲ್ಲ, ಹಾಗಾಗಿ ನೀವು ಕಾರ್ಮಿಕರ ಲೆಕ್ಕಕ್ಕೆ ಬರುತ್ತೀರಾ ಅನ್ನುವುದು ನಿಮ್ಮ ಈಗಿನ ಕೆಲಸದ ಸ್ವರೂಪ ನೋಡಿ ತೀರ್ಮಾನ ಆಗುತ್ತದೆ.

ಇದೇ ಪ್ರಶ್ನೆಯನ್ನು ಹೊರದೇಶದ ಕನ್ನಡಿಗರೂ ಕೇಳುತ್ತಾರೆ, ಮದುವೆಗೆ ಮೂರು ವಾರ ಊರಿಗೆ ಬಂದು ಹೋದ ಮೇಲೆ. ಬ್ರಿಟನ್‌ನಲ್ಲಿ ವರ್ಷಕ್ಕೆ 5.6 ವಾರ ಸಂಬಳ ಸಹಿತ ರಜೆ ಶಾಸನಬದ್ಧ ಹಕ್ಕು. ಆ ಹಕ್ಕನ್ನು ಬಿಟ್ಟುಕೊಡಲಿಲ್ಲ ಅಂತ ನೌಕರರಿಗೆ ಹಾನಿ ಮಾಡಿದರೆ ಟ್ರಿಬ್ಯೂನಲ್‌ಗೆ ಹೋಗಬಹುದು. ಅಮೆರಿಕದಲ್ಲಿ ಸಂಬಳ ಸಹಿತ ವಾರ್ಷಿಕ ರಜೆ ಕೊಡಬೇಕು ಅನ್ನುವ ಫೆಡರಲ್ ಕಾನೂನೇ ಇಲ್ಲ. ಆದರೆ ಅನಾರೋಗ್ಯ, ಹೆರಿಗೆಗೆ ಎಫ್‌ಎಂಎಲ್‌ಎ ಅನ್ನುವ ಕುಟುಂಬ ಮತ್ತು ವೈದ್ಯಕೀಯ ರಜೆ ಕಾಯ್ದೆಯಡಿ ತೆಗೆದುಕೊಂಡ ರಜೆಯನ್ನು ಪ್ರಮೋಷನ್ ವೇಳೆ ನಕಾರಾತ್ಮಕವಾಗಿ ಎಣಿಸುವಂತಿಲ್ಲ ಅಂತ ನಿಯಮದಲ್ಲೇ ಬರೆದಿದೆ.

ಇಷ್ಟಾಗಿಯೂ ಮುಂದಿನ ಸುತ್ತಿನಲ್ಲಿ ಇದೇ ಕಥೆ ಆದರೆ ಬೇರೆ ಕಡೆ ನೋಡುವುದೇ ಸರಿ. ಆರು ವರ್ಷದ ಅನುಭವಕ್ಕೆ ಹೊರಗೆ ಆ ಹುದ್ದೆ ಸಿಗುವುದು ಕಷ್ಟವಲ್ಲ. ರಾಜೀನಾಮೆ ಕೊಡುವ ಮುಂಚೆ ಎಷ್ಟು ದಿನದ ರಜೆ ಬಾಕಿ ಇದೆ ಅಂತ ನೋಡಿಕೊಳ್ಳಿ. ಬಳಸದ ವಾರ್ಷಿಕ ರಜೆಗೆ ದುಡ್ಡು ಬರಬೇಕು. ಹೊಸ ವೇತನ ಸಂಹಿತೆಯಲ್ಲಿ, ಕೆಲಸ ಬಿಟ್ಟವರ ಬಾಕಿ ಸಂಬಳವನ್ನು ಎರಡು ಕೆಲಸದ ದಿನದೊಳಗೆ ಕೊಡಬೇಕು ಅಂತಿದೆ. ನೋಟಿಸ್ ಅವಧಿಯಲ್ಲಿ ರಜೆ ಹಾಕಿದರೆ ಕೊನೆಯ ದಿನ ಮುಂದಕ್ಕೆ ಹೋಗುತ್ತದೆ ಅನ್ನುವ ಷರತ್ತು ಕೆಲವು ಆಫರ್ ಲೆಟರ್‌ಗಳಲ್ಲಿ ಇರುತ್ತದೆ. ಹೊಸ ಕಡೆಗೆ ಸೇರುವ ದಿನ ಹೇಳುವ ಮುಂಚೆ ನಿಮ್ಮದರಲ್ಲಿ ಅದು ಇದೆಯಾ ಅಂತ ಓದಿ ನೋಡಿ.