ಲಿಬ್ರೆಆಫೀಸ್ ಹಾಕಿದ್ರೆ ಕನ್ನಡ ಕೆಡುತ್ತಾ?

ಗಂಗಾವತಿಯಲ್ಲಿ ಯಾವುದಾದರೂ ಡಿಟಿಪಿ ಅಂಗಡಿಗೆ ಹೋಗಿ, ಅದರಲ್ಲೂ ತಾಲೂಕು ಆಫೀಸಿನ ಆಸುಪಾಸಿನದಕ್ಕೆ, ವರ್ಡ್, ಎಕ್ಸೆಲ್ ಮಾಡುವ ಕೆಲಸಕ್ಕೇ ಪುಕ್ಕಟೆ ಸಿಗುವ ಲಿಬ್ರೆಆಫೀಸ್ ಯಾಕೆ ಹಾಕಿಕೊಂಡಿಲ್ಲ ಅಂತ ಕೇಳಿ ನೋಡಿ. "ಅದರಾಗ ಕನ್ನಡ ಕೆಡ್ತದ ಸರ್" ಅನ್ನುತ್ತಾರೆ. ಮಾತು ಸುಳ್ಳಲ್ಲ. ಪೆನ್‌ಡ್ರೈವ್‌ನಲ್ಲಿ ಬಂದ ಕರಾರುಪತ್ರ ತೆರೆದರೆ ಕನ್ನಡ ಇರಬೇಕಾದ ಕಡೆ ತಲೆ ಮೇಲೆ ಗೀಟು ಎಳೆದ ಇಂಗ್ಲಿಷ್ ಎ, ಪೌಂಡಿನ ಗುರುತು, ಎಂಥೆಂಥದೋ ಕೊಕ್ಕೆಗಳು ಕಾಣಿಸುತ್ತವೆ. ಆದರೆ ಬೈಗುಳ ಬೀಳುತ್ತಿರೋದು ತಪ್ಪು ವಿಳಾಸಕ್ಕೆ. ಲಿಬ್ರೆಆಫೀಸ್ ಏನನ್ನೂ ಕೆಡಿಸಿಲ್ಲ. ಆ ಫೈಲಿನೊಳಗೆ ಮೊದಲಿಂದಲೂ ಕನ್ನಡ ಇರಲೇ ಇಲ್ಲ!

ಕಂಪ್ಯೂಟರಿಗೆ ಅಕ್ಷರ ಗೊತ್ತಿಲ್ಲ, ಅದು ಇಟ್ಟುಕೊಳ್ಳೋದು ಬರೀ ಸಂಖ್ಯೆ. ಇಂಗ್ಲಿಷಿನ ದೊಡ್ಡ ಪಿ ಅಂದರೆ 80. ಕನ್ನಡ ಟೈಪ್ ಮಾಡುವ 'ಬರಹ' ಅನ್ನೋ ತಂತ್ರಾಂಶ 1998ರಲ್ಲಿ ಬಂತು, ಆಮೇಲೆ ಅಂಥದ್ದೇ ಇನ್ನೊಂದು, ಕನ್ನಡ ಗಣಕ ಪರಿಷತ್ತಿನ ನುಡಿ ಬಂತು. ಆಗಿನ ಸಾಮಾನ್ಯ ಕಂಪ್ಯೂಟರುಗಳಲ್ಲಿ ಕನ್ನಡಕ್ಕೆ ಅಂತ ಬೇರೆ ಸಂಖ್ಯೆಗಳ ಬಳಕೆ ಇನ್ನೂ ಬಂದಿರಲಿಲ್ಲ. ಹಾಗಾಗಿ ಒಂದು ಜಾಣ ಉಪಾಯ ಮಾಡಿದರು: ಇಂಗ್ಲಿಷಿಗೂ ಯುರೋಪಿನ ಭಾಷೆಗಳಿಗೂ ಮೀಸಲಾಗಿದ್ದ ಸಂಖ್ಯೆಗಳನ್ನೇ ಬಳಸಿಕೊಂಡು, ಫಾಂಟಿನಲ್ಲಿ ಮಾತ್ರ ಚಿತ್ರ ಬದಲಿಸಿದರು. ನುಡಿಯ ಹಳೇ ಫಾಂಟಿನಲ್ಲಿ 'ಕ' ಅಂದರೆ 80 ಮತ್ತು 192, ಅಂದರೆ ಪಿ ಮತ್ತು ಗೀಟಿನ ಎ. ಮೊದಲನೆಯದು ಕಕಾರದ ಮೈ, ಎರಡನೆಯದು ತಲೆಕಟ್ಟು. ನುಡಿ ಫಾಂಟು ಇರುವ ಯಂತ್ರದಲ್ಲಿ ಕಣ್ಣಿಗೆ 'ಕ' ಕಾಣುತ್ತೆ. ಫಾಂಟು ಇಲ್ಲದ ಕಡೆ ನಿಜ ಬಯಲಾಗುತ್ತೆ, ಅದು ದುಡ್ಡು ಕೊಟ್ಟು ತಂದ ವರ್ಡ್‌ನಲ್ಲಾದರೂ ಅಷ್ಟೇ. ಯೂನಿಕೋಡ್ ಅಂದರೆ ಲೋಕದ ಲಿಪಿಗಳ ಅಕ್ಷರಗಳಿಗೆ ಬೇರೆ ಬೇರೆ ಸಂಖ್ಯೆ ಕೊಡುವ ಪದ್ಧತಿ; ಅದರಲ್ಲಿ 'ಕ'ಗೆ ಅದರದ್ದೇ ಸಂಖ್ಯೆ ಇದೆ, 3221. ಯಾವ ಫೋನಿನಲ್ಲಿ, ಯಾವ ಸಾಫ್ಟ್‌ವೇರಿನಲ್ಲಿ ತೆರೆದರೂ ಅದು 'ಕ'ನೇ.

ನಂಬಿಕೆ ಬರದಿದ್ದರೆ ಹೀಗೆ ಮಾಡಿ. ವರ್ಡ್‌ನ ಡಾಕ್‌ಎಕ್ಸ್ ಫೈಲಿನ ಒಂದು ನಕಲು ಮಾಡಿ, ಹೆಸರಿನ ಬಾಲ ಅಳಿಸಿ 'ಜಿಪ್' ಅಂತ ಹಾಕಿ ತೆರೆಯಿರಿ. ಹೌದು, ತೆರೆಯುತ್ತೆ. ಅದು ನಿಜಕ್ಕೂ ಒಂದು ಜಿಪ್ ಕಟ್ಟು. ಒಳಗೆ 'ವರ್ಡ್' ಅನ್ನೋ ಫೋಲ್ಡರು, ಅದರಲ್ಲಿ 'ಡಾಕ್ಯುಮೆಂಟ್' ಅನ್ನೋ ಎಕ್ಸ್‌ಎಂಎಲ್ ಫೈಲು. ಅದನ್ನ ನೋಟ್‌ಪ್ಯಾಡ್‌ನಲ್ಲಿ ಇಣುಕಿ ನೋಡಿ. ಕೋನಾಕಾರದ ಆವರಣಗಳ ನಡುವೆ ಅಚ್ಚಕನ್ನಡ ಕಂಡರೆ ಫೈಲು ಯೂನಿಕೋಡ್. ಪಿ, ಗೀಟಿನ ಎ ಕಂಡರೆ ಅದು ಹಳೇ ನುಡಿ. ಲಿಬ್ರೆಆಫೀಸ್‌ನ ಒಡಿಟಿ ಫೈಲೂ ಇದೇ ಥರದ ಜಿಪ್ ಕಟ್ಟೇ, ಒಳಗಿನ ಫೈಲಿನ ಹೆಸರು ಬೇರೆ ಅಷ್ಟೇ. ಈ ಎರಡೂ ರಚನೆಗಳನ್ನು ಯಾರು ಬೇಕಾದರೂ ಓದಿಕೊಳ್ಳಬಹುದು. ಒಡಿಟಿಯ ರಚನೆಗೆ ಒಡಿಎಫ್ ಅಂತ ಹೆಸರು, ಅದು 2006ರಲ್ಲಿ ಐಎಸ್‌ಒ ಅನ್ನೋ ಅಂತರರಾಷ್ಟ್ರೀಯ ಸಂಸ್ಥೆಯ ಮಾನದಂಡ ಆಯಿತು, ಮೈಕ್ರೋಸಾಫ್ಟ್‌ನದು 2008ರಲ್ಲಿ. ಎರಡನೆಯದರ ವಿವರಣೆಯೇ ಆರು ಸಾವಿರ ಪುಟ ದಾಟಿತ್ತು, ಯಾರು ಕೂತು ಓದಿದರೋ ಪಾಪ! ಒಂದರ ಫೈಲನ್ನು ಇನ್ನೊಂದು ತೆರೆಯೋಕೆ ಸಾಧ್ಯ ಆಗಿರೋದೇ ರಚನೆ ಹೀಗೆ ಬಹಿರಂಗ ಇರೋದರಿಂದ.

ಫೈಲಿನಲ್ಲಿ ಕನ್ನಡ ಇಲ್ಲದಿದ್ದರೆ ಏನು ಕಷ್ಟ, ಪ್ರಿಂಟ್ ಚೆನ್ನಾಗಿ ಬಂದರೆ ಸಾಕಲ್ವಾ ಅಂತ ಅನಿಸಬಹುದು. ಒಂದು ಸಂಘದ ಸದಸ್ಯರ ಪಟ್ಟಿ ತಗೊಳ್ಳಿ. ಅಮರೇಶ, ಗವಿಸಿದ್ದಪ್ಪ, ಯಮನೂರಪ್ಪ, ನಮ್ಮ ಕೊಪ್ಪಳ ಸೀಮೆಯ ಹೆಸರುಗಳೇ. ಹಳೇ ನುಡಿಯಲ್ಲಿ ಟೈಪ್ ಮಾಡಿ ಅಕಾರಾದಿಯಾಗಿ ಜೋಡಿಸು ಅಂತ ಹೇಳಿದರೆ ಯಮನೂರಪ್ಪ ಎಲ್ಲರಿಗಿಂತ ಮೇಲೆ ಬಂದು ಕೂರುತ್ತಾನೆ. ಯಾಕಂದರೆ 'ಯ' ಒಳಗೆ ಇಂಗ್ಲಿಷಿನ ಎ ಇಂದ ಶುರುವಾಗುತ್ತೆ, 'ಅ' ಸಿ ಆಗಿರುತ್ತೆ, 'ಗ' ಯು ಇಂದ ಶುರು. ಕಂಪ್ಯೂಟರ್ ಎ, ಸಿ, ಯು ಅಂತ ತನ್ನ ಲೆಕ್ಕದಲ್ಲಿ ಸರಿಯಾಗೇ ಜೋಡಿಸಿದೆ. ಯೂನಿಕೋಡ್‌ನಲ್ಲಿ ಕನ್ನಡದ ಸಂಖ್ಯೆಗಳು ವರ್ಣಮಾಲೆಯ ಕ್ರಮವನ್ನೇ ಬಹುಪಾಲು ಅನುಸರಿಸುವುದರಿಂದ ಅಮರೇಶನಿಗೆ ಅವನ ಜಾಗ ಸಿಗುತ್ತೆ. ಹುಡುಕಾಟಕ್ಕೂ ಇದೇ ಮಾತು.

ಹಾಗಾದರೆ ಬರೀ ಸಂಖ್ಯೆ ಇಟ್ಟುಕೊಂಡು ಪರದೆ ಮೇಲೆ 'ಸ್ತ್ರೀ' ಮೂಡೋದು ಹೇಗೆ? ಸ, ವಿರಾಮ (ಅಂದರೆ 'ಸ್'ನಲ್ಲಿ ಸ್ವರ ತೆಗೆಯುವ ಗುರುತು), ತ, ವಿರಾಮ, ರ, ದೀರ್ಘ ಈಕಾರ, ಇಷ್ಟು ಸಾಲಾಗಿ ಇರುತ್ತವೆ. ಯಾವುದು ಒತ್ತಾಗಿ ಕೆಳಗೆ ಹೋಗಬೇಕು, ಗುಡಿಸು ಎಲ್ಲಿ ಕೂರಬೇಕು ಅನ್ನೋ ನಿಯಮಗಳು ಫಾಂಟಿನಲ್ಲಿ ಬರೆದಿರುತ್ತವೆ, ಅವನ್ನು ಓದಿ ಜೋಡಿಸೋದು ಬೇರೊಂದು ತಂತ್ರಾಂಶ. ಲಿಬ್ರೆಆಫೀಸ್‌ನಲ್ಲಿ ಆ ಕೆಲಸ ಹಾರ್ಫ್‌ಬಝ್‌ನದು, 2017ರ 5.3ನೇ ಆವೃತ್ತಿಯಿಂದ ಎಲ್ಲಾ ಕಡೆ ಅದೇ. ನಿಮ್ಮ ಆಂಡ್ರಾಯ್ಡ್ ಫೋನಿನಲ್ಲಿ, ಫೈರ್‌ಫಾಕ್ಸ್‌ನಲ್ಲಿ, ಕ್ರೋಮ್‌ನಲ್ಲಿ ಕನ್ನಡ ಜೋಡಿಸುತ್ತಿರೋದೂ ಇದೇ ಪುಕ್ಕಟೆ ತಂತ್ರಾಂಶ. ಫೋನಿನಲ್ಲಿ ದಿನಾ ಕನ್ನಡ ಓದುವವರು ಪುಕ್ಕಟೆಯದರಲ್ಲಿ ಕನ್ನಡ ಸರಿ ಬರಲ್ಲ ಅನ್ನೋದು ತಮಾಷೆ ಅಲ್ವಾ.

ಎರಡನೇ ದೂರು ಪುಟ ಜರುಗುತ್ತೆ ಅನ್ನೋದು. ಎರಡು ಪುಟದ ಅರ್ಜಿ ಮೂರಾಗುತ್ತೆ, ಸಹಿ ಒಂದೇ ಹೋಗಿ ಮುಂದಿನ ಹಾಳೆಯಲ್ಲಿ ಕೂರುತ್ತೆ. ಇದಕ್ಕೂ ಬಹುತೇಕ ಫಾಂಟೇ ಕಾರಣ. ವರ್ಡ್‌ನಲ್ಲಿ ಬಳಸಿದ ಕ್ಯಾಲಿಬ್ರಿ ಮೈಕ್ರೋಸಾಫ್ಟ್‌ನ ಸ್ವತ್ತು, ಬೇರೆ ಯಂತ್ರದಲ್ಲಿ ಇರಬೇಕೆಂದಿಲ್ಲ. ಬದಲಿ ಫಾಂಟಿನ ಅಕ್ಷರ ಕೂದಲೆಳೆಯಷ್ಟು ಅಗಲ ಇದ್ದರೂ ಸಾಲು ಬೇರೆ ಕಡೆ ಮುರಿಯುತ್ತೆ. ಅದಕ್ಕೇ ಕ್ಯಾಲಿಬ್ರಿಗೆ ಸರಿಸಮ ಅಗಲದ ಕಾರ್ಲಿಟೋ, ಟೈಮ್ಸ್ ನ್ಯೂ ರೋಮನ್‌ಗೆ ಲಿಬರೇಶನ್ ಸೆರಿಫ್ ಮಾಡಿದ್ದಾರೆ. ಕನ್ನಡಕ್ಕೆ ವಿಂಡೋಸ್ ಜತೆ ಬರುವ ತುಂಗಾ, ನಿರ್ಮಲಾ ಫಾಂಟು ಬಿಟ್ಟು ಎರಡೂ ಕಡೆ ನೋಟೋ ಸ್ಯಾನ್ಸ್ ಕನ್ನಡ ಹಾಕಿಕೊಂಡರೆ ಜಗಳ ಬಹುಪಾಲು ಮುಗಿಯಿತು. ಬರೀ ಪ್ರಿಂಟಿಗಾದರೆ ಪಿಡಿಎಫ್ ಮಾಡಿ ಕಳಿಸಿ, ಸುಮ್ನೆ ತಲೆನೋವು ಯಾಕೆ.

ಅಕ್ಕಿ ಗಿರಣಿಗಳ ಗುಮಾಸ್ತರಿಗೆ ಕನ್ನಡಕ್ಕಿಂತ ಎಕ್ಸೆಲ್ ಚಿಂತೆ. ತಾರೀಕು, ಲಾರಿ ನಂಬರು, ಚೀಲ, ತೇವಾಂಶ, ದರ, ಹೀಗೆ ವರ್ಷಗಟ್ಟಲೆ ತುಂಬಿದ ಹಾಳೆಗಳು. ಎಕ್ಸೆಲ್ ಬದಲಿಗೆ ಲಿಬ್ರೆಆಫೀಸ್ ಕೊಡುವ ಕ್ಯಾಲ್ಕ್‌ನಲ್ಲಿ ತೆರೆದರೆ ಲೆಕ್ಕ ತಪ್ಪಲ್ವಾ? ಮಾಮೂಲಿ ಕೂಡಿ ಕಳೆಯೋದರಲ್ಲಿ ತಪ್ಪಲ್ಲ. ತಾರೀಕು ಕೂಡ ಒಳಗೆ ಒಂದು ಸಂಖ್ಯೆ, ಗೊತ್ತಾದ ಒಂದು ದಿನದಿಂದ ಎಣಿಸಿದ ದಿನಗಳ ಲೆಕ್ಕ. ರಾಜ್ಯ ಏಕೀಕರಣವಾದ 1956ರ ನವೆಂಬರ್ 1 ಅಂದರೆ ಎಕ್ಸೆಲ್‌ನಲ್ಲಿ 20760, ಕ್ಯಾಲ್ಕ್‌ನಲ್ಲೂ 20760. ಇದರ ಹಿಂದೆ ಒಂದು ಮಜಾ ಇದೆ. 1983ರ ಲೋಟಸ್ 1-2-3 ಅನ್ನೋ ಸಾಫ್ಟ್‌ವೇರ್ 1900ನ್ನು ಅಧಿಕ ವರ್ಷ ಅಂತ ತಪ್ಪಾಗಿ ಹಿಡಿದಿತ್ತು. ಅದರ ಫೈಲುಗಳಿಗೆ ಹೊಂದಬೇಕು ಅಂತ ಎಕ್ಸೆಲ್ ಆ ತಪ್ಪನ್ನು ಬೇಕಂತಲೇ ಉಳಿಸಿಕೊಂಡಿತು. ಕ್ಯಾಲ್ಕ್ 1900ರ ಫೆಬ್ರವರಿ 29 ಅನ್ನೋ ಆ ಇಲ್ಲದ ದಿನವನ್ನು ಒಪ್ಪಲಿಲ್ಲ, ಬದಲಿಗೆ ತನ್ನ ಸೊನ್ನೆಯನ್ನು 1899ರ ಡಿಸೆಂಬರ್ 30ಕ್ಕೆ ಹಿಂದೆ ಸರಿಸಿಕೊಂಡಿತು. ಹಾಗಾಗಿ 1900ರ ಮಾರ್ಚ್ 1ರಿಂದ ಈಚೆಗೆ ಇಬ್ಬರದೂ ಒಂದೇ ಲೆಕ್ಕ.

ಸಿಕ್ಕಿಹಾಕಿಕೊಳ್ಳೋದು ಮ್ಯಾಕ್ರೋಗಳಲ್ಲಿ, ಅಂದರೆ ಫೈಲಿನೊಳಗೇ ಬರೆದಿಟ್ಟ ಪುಟ್ಟ ಪ್ರೋಗ್ರಾಂಗಳಲ್ಲಿ. ನಿಮ್ಮ ಆಡಿಟರು ಗುಂಡಿ ಒತ್ತಿದರೆ ಫಾರಂ ತುಂಬಿಕೊಳ್ಳುವ ಎಕ್ಸೆಲ್ ಫೈಲು ಕಳಿಸುತ್ತಿದ್ದರೆ ಅದು ಕ್ಯಾಲ್ಕ್‌ನಲ್ಲಿ ಓಡಬಹುದು, ಅರ್ಧಕ್ಕೆ ನಿಲ್ಲಲೂಬಹುದು. ಅಂಥ ಕೆಲಸಕ್ಕೆ ಒಂದು ಯಂತ್ರದಲ್ಲಿ ದುಡ್ಡು ಕೊಟ್ಟೇ ಎಕ್ಸೆಲ್ ಇಟ್ಟುಕೊಳ್ಳಿ. ಕ್ರ್ಯಾಕ್ ಮಾಡಿದ್ದು ಮಾತ್ರ ಬೇಡ. ಆ್ಯಂಟಿವೈರಸ್ ಆಫ್ ಮಾಡಿ, ಪೂರ್ತಿ ಅಧಿಕಾರ ಕೊಡಿ ಅಂತ ಕೇಳುವ ಅನಾಮಧೇಯ ಫೈಲನ್ನು ವ್ಯವಹಾರದ ಲೆಕ್ಕ ಇರುವ ಕಂಪ್ಯೂಟರಿನಲ್ಲಿ ಓಡಿಸೋದು ನನಗಂತೂ ಧೈರ್ಯ ಅನಿಸಲ್ಲ.

ಇನ್ನು ಪುಕ್ಕಟೆ ಸಾಫ್ಟ್‌ವೇರ್ ನಾಳೆ ನಿಂತುಹೋದರೆ? ಲಿಬ್ರೆಆಫೀಸ್‌ನ ಬೇರು 1985ರಲ್ಲಿ ಜರ್ಮನಿಯಲ್ಲಿ ಶುರುವಾದ ಸ್ಟಾರ್‌ಡಿವಿಷನ್ ಕಂಪನಿಯಲ್ಲಿದೆ. 1999ರಲ್ಲಿ ಅದನ್ನು ಅಮೆರಿಕದ ಸನ್ ಕಂಪನಿ ಕೊಂಡುಕೊಂಡಿತು, ಮರುವರ್ಷ ಮೂಲ ಸಂಕೇತವನ್ನು ಎಲ್ಲರಿಗೂ ಬಿಟ್ಟುಕೊಟ್ಟಿತು. 2010ರಲ್ಲಿ ಸನ್ ಒರೇಕಲ್ ಕಂಪನಿಯ ಪಾಲಾದಾಗ ಸಂಕೇತ ಬರೆಯುತ್ತಿದ್ದವರೇ ಬಹಳಷ್ಟು ಜನ ಹೊರಬಂದು ಡಾಕ್ಯುಮೆಂಟ್ ಫೌಂಡೇಶನ್ ಕಟ್ಟಿ, ಅದೇ ಸಂಕೇತದಿಂದ ಲಿಬ್ರೆಆಫೀಸ್ ಮುಂದುವರಿಸಿದರು. ಮಾಲೀಕರು ಬದಲಾದರೂ ಕೆಲಸ ನಿಲ್ಲಲಿಲ್ಲ.

ಡಿಟಿಪಿ ಅಂಗಡಿಯವರು ಹಳೇ ಫೈಲನ್ನೆಲ್ಲ ಒಂದೇ ಸಲ ಬದಲಿಸೋಕೆ ಹೋಗಬೇಕಿಲ್ಲ. ದಿನಾ ಬಳಸುವ ಬಾಡಿಗೆ ಕರಾರು, ಅಫಿಡವಿಟ್, ಅರ್ಜಿಗಳ ನಮೂನೆಗಳನ್ನು ಮೊದಲು ಯೂನಿಕೋಡ್‌ಗೆ ತನ್ನಿ, ಪರಿವರ್ತಕಗಳು ಪುಕ್ಕಟೆ ಸಿಗುತ್ತವೆ. ಕೀಲಿಮಣೆ ಹೊಸದಾಗಿ ಕಲಿಯಬೇಕಿಲ್ಲ, ನುಡಿಯ ಅದೇ ಕೆ.ಪಿ. ರಾವ್ ವಿನ್ಯಾಸ ಯೂನಿಕೋಡ್‌ಗೂ ಇದೆ. ಪರಿವರ್ತಿಸಿದ ಮೇಲೆ ಅರ್ಕಾವತ್ತು ಇರುವ ಪದಗಳ ಮೇಲೆ ಜಾಸ್ತಿ ಕಣ್ಣಿಡಿ. 'ಕರ್ನಾಟಕ'ದಲ್ಲಿ ಹಳೇ ನುಡಿ 'ನಾ' ಬರೆದು ಆಮೇಲೆ ಅರ್ಕಾವತ್ತು ಇಡುತ್ತೆ, ಯೂನಿಕೋಡ್‌ನಲ್ಲಿ 'ರ್' ಮೊದಲು ಬರುತ್ತೆ. ಈ ಹಿಂದುಮುಂದು ಮಾಡುವಾಗ ಕೆಲವು ಪರಿವರ್ತಕಗಳು ಎಡವುತ್ತವೆ, ಅರ್ಜಿದಾರರ ಹೆಸರಿನಲ್ಲೇ ಎಡವಿದರೆ ಕಷ್ಟ.