ವಿಂಡ್ಸರ್ ಕುರ್ಚಿಯ ಬಣ್ಣವನ್ನು ಕೆರೆಯಬೇಡಿ

ಮರದ ಹಲಗೆಯ ಆಸನದ ತೂತುಗಳಿಗೆ ಕಾಲುಗಳನ್ನೂ ಬೆನ್ನಿನ ಕಡ್ಡಿಗಳನ್ನೂ ಸಿಕ್ಕಿಸಿ ಮಾಡುವ ಕುರ್ಚಿಯೇ ವಿಂಡ್ಸರ್. ಹದಿನೆಂಟನೆಯ ಶತಮಾನದ ಅಮೆರಿಕದ ವಿಂಡ್ಸರ್ ಕುರ್ಚಿ ಒಂದೇ ಮರದ್ದಲ್ಲ. ಕೆತ್ತಿ ತಗ್ಗು ಮಾಡಬೇಕಾದ ಆಸನಕ್ಕೆ ಮೆದುವಾದ ಪೈನ್ ಅಥವಾ ಟುಲಿಪ್ ಪಾಪ್ಲರ್, ಲೇತ್‌ನಲ್ಲಿ ಕಡೆಯುವ ಕಾಲುಗಳಿಗೆ ಹೆಚ್ಚಾಗಿ ಮೇಪಲ್, ಬೆನ್ನಿನ ಕಡ್ಡಿಗಳಿಗೂ ಕಮಾನಿಗೂ ಹಿಕರಿ, ಓಕ್ ಅಥವಾ ಆಶ್.

ಕಡ್ಡಿಗಳಿಗೆ ಹಸಿ ದಿಮ್ಮಿಯನ್ನು ಬೆಣೆ ಹೊಡೆದು ಸೀಳುತ್ತಿದ್ದರು. ಗರಗಸ ಗೆರೆ ಎಳೆದಲ್ಲಿ ಕೊಯ್ಯುತ್ತದೆ, ನಾರು ತುಂಡಾಗುತ್ತದೆ. ಸೀಳು ಮಾತ್ರ ನಾರಿನ ಜಾಡನ್ನೇ ಹಿಡಿದು ಸಾಗುತ್ತದೆ. ಆದ್ದರಿಂದಲೇ ಬೆರಳಿಗಿಂತ ತೆಳ್ಳಗಿನ ಕಡ್ಡಿಯೂ ಒರಗಿದವರ ಭಾರಕ್ಕೆ ಬಾಗುತ್ತದೆ, ಮುರಿಯುವುದಿಲ್ಲ. ಕಾಲುಗಳ ನಡುವಿನ ಅಡ್ಡಪಟ್ಟಿಗಳ ಜೋಡಣೆ ಇನ್ನೂ ಜಾಣತನದ್ದು. ಪಟ್ಟಿಯ ತುದಿಯನ್ನು ಚೆನ್ನಾಗಿ ಒಣಗಿಸಿ, ಇನ್ನೂ ತೇವವಿರುವ ಕಾಲಿನ ತೂತಿಗೆ ಬಡಿದರೆ, ತುದಿ ತೇವ ಹೀರಿ ಉಬ್ಬುತ್ತದೆ, ಕಾಲು ಒಣಗುತ್ತಾ ಕುಗ್ಗಿ ಅದನ್ನು ಬಿಗಿಹಿಡಿಯುತ್ತದೆ. ಪುಸ್ತಕದ ವಿಜ್ಞಾನವಿಲ್ಲದೆ ಕೈಯ ಅನುಭವದಿಂದಲೇ ಇದನ್ನು ಸಾಧಿಸಿದ ಕುಶಲಕರ್ಮಿಗಳ ಬಗ್ಗೆ ನನಗೆ ಅಪಾರ ಗೌರವ.

ಇಂಥವರಲ್ಲಿ ಫಿಲಡೆಲ್ಫಿಯಾದ ಥಾಮಸ್ ಗಿಲ್ಪಿನ್, ಕನೆಕ್ಟಿಕಟ್‌ನ ಎಬೆನೆಝರ್ ಟ್ರೇಸಿ ತಮ್ಮ ಹೆಸರನ್ನು ಕುರ್ಚಿಯ ಮೇಲೆ ಮುದ್ರೆಯೊತ್ತಿ ಉಳಿಸಿದ್ದಾರೆ. 1796ರಲ್ಲಿ ಜಾರ್ಜ್ ವಾಷಿಂಗ್ಟನ್ ತಮ್ಮ ಮೌಂಟ್ ವರ್ನನ್ ಮನೆಗಾಗಿ ವಿಂಡ್ಸರ್ ಕುರ್ಚಿಗಳನ್ನು ಕೊಂಡದ್ದು ಫಿಲಡೆಲ್ಫಿಯಾದ ಗಿಲ್ಬರ್ಟ್ ಮತ್ತು ರಾಬರ್ಟ್ ಗಾ ಅವರಿಂದ.

ಬೇರೆಬೇರೆ ಮರಗಳ ಬೇರೆಬೇರೆ ಬಣ್ಣವನ್ನು ಮುಚ್ಚಿ ಕುರ್ಚಿಗೆ ಒಂದೇ ರೂಪ ಕೊಡುತ್ತಿದ್ದುದು ಲೇಪ. ಆರಂಭದಲ್ಲಿ ಅದು ಹೆಚ್ಚಾಗಿ ಹಸಿರು: ವಿನೆಗರ್ ಆವಿಗೆ ಒಡ್ಡಿದ ತಾಮ್ರದ ಮೇಲೆ ಕಟ್ಟುವ ಕಿಲುಬನ್ನು ಅಗಸೆ ಎಣ್ಣೆಯಲ್ಲಿ ಅರೆದದ್ದು. ಕಾಲ ಕಳೆದಂತೆ ಆ ಹಸಿರು ಕಂದಿ ಕಪ್ಪಿನತ್ತ ತಿರುಗುತ್ತದೆ. ಅದರ ಮೇಲೆ ಮಾಲೀಕರು ಕಾಲಕಾಲಕ್ಕೆ ಬಳಿದ ಬಣ್ಣಗಳೂ ಕೂತಿರುತ್ತವೆ.

ಈ ಪದರಗಳಲ್ಲಿ ಕುರ್ಚಿಯ ವಯಸ್ಸಿನ ಸಾಕ್ಷ್ಯವಿದೆ. ಸಾಸಿವೆಗಿಂತ ಚಿಕ್ಕ ಚಕ್ಕೆಯೊಂದನ್ನು ರಾಳದಲ್ಲಿ ಹುದುಗಿಸಿ, ಉಜ್ಜಿ ನಯಗೊಳಿಸಿ, ಸೂಕ್ಷ್ಮದರ್ಶಕದಡಿ ಅತಿನೇರಳೆ ಬೆಳಕಿನಲ್ಲಿ ನೋಡಿದರೆ ಪದರಗಳು ಒಂದೊಂದಾಗಿ ಬೇರ್ಪಟ್ಟು ಕಾಣುತ್ತವೆ. ಕ್ಷ-ಕಿರಣ ವಿಶ್ಲೇಷಣೆ ಅವುಗಳಲ್ಲಿರುವ ಲೋಹಗಳನ್ನು ಗುರುತಿಸುತ್ತದೆ. ಟೈಟಾನಿಯಂ ಬಿಳಿ ಮಾರುಕಟ್ಟೆಗೆ ಬಂದದ್ದು ಇಪ್ಪತ್ತನೆಯ ಶತಮಾನದಲ್ಲಿ. ಅದು ಎಲ್ಲಕ್ಕಿಂತ ಕೆಳಗೆ, ಮರಕ್ಕೆ ತಾಗಿಕೊಂಡಿದ್ದರೆ ಹಳೆಯ ಬಣ್ಣವನ್ನು ಯಾರೋ ತೆಗೆದುಹಾಕಿದ್ದಾರೆ, ಇಲ್ಲವೇ ಕುರ್ಚಿಯೇ ಹೊಸದು.

ಇಪ್ಪತ್ತನೆಯ ಶತಮಾನದಲ್ಲಿ ಅನೇಕ ಸಂಗ್ರಾಹಕರು ಮರದ ಅಂದ ಕಾಣಲೆಂದು ಬಣ್ಣವನ್ನೆಲ್ಲ ಕೆರೆಸಿದರು. ಇದು ನಿಜಕ್ಕೂ ದೊಡ್ಡ ನಷ್ಟ. ಈ ಮರಗಳನ್ನು ಆರಿಸಿದ್ದು ಅಂದಕ್ಕಲ್ಲ, ಕಸುವಿಗೆ. ಹೀಗೆ ಬೋಳಾದ ಕುರ್ಚಿಗಳಲ್ಲೂ ಕಡ್ಡಿಗಳ ಬುಡದಲ್ಲಿ, ಆಸನದ ಅಡಿಯ ಸಂದುಗಳಲ್ಲಿ ಒಮ್ಮೊಮ್ಮೆ ಹಳೆಯ ಹಸಿರು ಉಳಿದಿರುತ್ತದೆ. ಸಂರಕ್ಷಕರು ಮಾದರಿಗಾಗಿ ಮೊದಲು ಹುಡುಕುವುದು ಅಲ್ಲಿಯೇ.